ಭಾವನ ದೋಣಿಗೆ ಒಂದು ಸ್ಟೌ

ಮೊನ್ನೆ ನಮ್ಮ ಮನೆಗೆ ಗ್ಯಾಸ್ ಬಂತು. ಹೆಸರು ಬರೆಸಿದಾಗ ನಾನಿನ್ನೂ ಬ್ರಹ್ಮಚಾರಿ. ಸಿಲಿಂಡರ್ ಬರುವ ಹೊತ್ತಿಗೆ ಮನೆಯಲ್ಲಿ ಗ್ಯಾಸ್ ಹಚ್ಚಲು ಹೆದರುವ ಒಬ್ಬ ಹೆಂಡತಿಯೂ, ಹೆದರುವುದಿಲ್ಲವೆಂದು ನಟಿಸುವ ಒಬ್ಬ ಗಂಡನೂ ಇದ್ದರು. ಹಳೆಯ ಬತ್ತಿ ಸ್ಟೌವನ್ನು ಅಟ್ಟಕ್ಕೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಏಣಿ ಇಳಿದು ಕೈ ತೊಳೆದೆ. ಸೋಪು ಹಚ್ಚಿ ಮತ್ತೊಮ್ಮೆ ತೊಳೆದೆ. ಬೆರಳನ್ನು ಮೂಗಿಗೆ ಹಿಡಿದರೆ ಸೀಮೆಎಣ್ಣೆ ಇನ್ನೂ ಅಲ್ಲೇ ಕೂತಿತ್ತು, ಬಾಡಿಗೆಯೂ ಕೊಡದೆ ಮನೆಯೂ ಬಿಡದ ಬಾಡಿಗೆದಾರನ ಹಾಗೆ.

ಆ ವಾಸನೆಯಿಂದ ನಿಮಗೆ ರೇಷನ್ ಅಂಗಡಿಯ ಕ್ಯೂ ನೆನಪಾಗಬಹುದು. ನನಗೆ ಸಮುದ್ರ ನೆನಪಾಗುತ್ತದೆ. ನಗಬೇಡಿ. ಪೀಣ್ಯದಲ್ಲಿ ಸಮುದ್ರ ಎಲ್ಲಿತ್ತು ಎಂದೂ ಕೇಳಬೇಡಿ. ಇತ್ತು. ಕೆಂಪಣ್ಣನವರ ಖಾಲಿ ಕೊಟ್ಟಿಗೆಯಲ್ಲಿತ್ತು. ಎರಡು ಚಳಿಗಾಲ ಆ ಸಮುದ್ರದ ಪಾತ್ರ ಮಾಡಿದವನು ನಾನೇ.

ಪಾತ್ರ ಮಾಡುವುದು ನನ್ನ ಹುಟ್ಟು ಚಾಳಿ. ಕಾರ್ಖಾನೆಯ ಸೈರನ್ನು, ಮೂಗಿನಲ್ಲಿ ಮಾತಾಡುವ ನಮ್ಮ ಸ್ಟೋರ್ಸ್ ಆಫೀಸರು, ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ರೈಲು ಬಂದು ಹೋದ ಮೇಲೆ ಅದು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುತ್ತಿದ್ದ ಪುಣ್ಯಾತ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದರು. ಹೊಸಬರು ಯಾರಾದರೂ ಸಿಕ್ಕರೆ ಅವರು ಮಾತು ಮುಗಿಸುವುದರೊಳಗೆ ನಾನು ಅವರಾಗಿಬಿಡುತ್ತಿದ್ದೆ. ಇಷ್ಟು ಜನರ ದನಿ ಬರುತ್ತದಲ್ಲ, ನಿನ್ನದೇ ದನಿ ಹೇಗಿದೆ ಎಂದು ಒಬ್ಬ ಗೆಳೆಯ ಕೇಳಿದಾಗ ಮಾತ್ರ ನಾನು ಅವನ ಹಾಗೆ ಕೆಮ್ಮಿ ತಪ್ಪಿಸಿಕೊಂಡೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಪೀಣ್ಯದಲ್ಲಿ ಕೆಲಸಕ್ಕೆ ಸೇರಿ ಅಕ್ಕ ಭಾವನ ಮನೆಯಲ್ಲಿದ್ದೆ. ಅಕ್ಕನ ಹೆಸರು ಜಯ. ಚಿಕ್ಕಬಾಣಾವರದಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಊರ ಕೆರೆಗಿಂತ ದೊಡ್ಡ ನೀರನ್ನು ನೋಡದವಳು. ಭಾವ ಅಂಕೋಲೆಯ ಕಡೆಯವರು, ದೋಣಿ ಓಡಿಸುತ್ತಿದ್ದವರ ಮಗ. ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೇತಿನ ಮುಂದೆ ನಿಂತರೆ ಊಟದ ಸೈರನ್ನೂ ಕೇಳಿಸದು. ಮದುವೆಯಾದ ಹೊಸದರಲ್ಲಿ ಅವರು ಅಕ್ಕನಿಗೆ ಒಂದು ಮಾತು ಕೊಟ್ಟಿದ್ದರಂತೆ: ನನ್ನ ಊರನ್ನು ನಿನಗೆ ನೆಲದ ಮೇಲಿನಿಂದ ಅಲ್ಲ, ಸಮುದ್ರದ ಮೇಲಿನಿಂದ ತೋರಿಸುತ್ತೇನೆ. ಹೊಸ ಗಂಡಂದಿರು ಇಂಥ ಎಷ್ಟೋ ಮಾತು ಕೊಡುತ್ತಾರೆ. ಆದರೆ ಭಾವ ಹಾಗೆ ಸುಮ್ಮನಾಗುವವರಲ್ಲ. ಅಕ್ಕನನ್ನು ಊರಿಗೆ ಕರೆದೊಯ್ಯುವುದನ್ನೇ ಮುಂದಕ್ಕೆ ಹಾಕಿ, ದೋಣಿ ಕಟ್ಟಲು ಕೂತರು.

ಮನೆ ಮಾಲೀಕರು ಕೆಂಪಣ್ಣನವರು. ಅವರ ಹೊಲವೆಲ್ಲ ಕಾರ್ಖಾನೆಯ ಷೆಡ್ಡುಗಳಿಗೆ ಹೋಗಿ, ಎಮ್ಮೆ ಹಸು ಒಂದೆರಡಕ್ಕೆ ಇಳಿದು, ದೊಡ್ಡ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನು ಭಾವನಿಗೆ ಬಿಟ್ಟುಕೊಟ್ಟರು. ಹೊರದೇಶದಿಂದ ಮೆಷಿನ್ನುಗಳು ಬರುತ್ತಿದ್ದ ದೊಡ್ಡ ದೊಡ್ಡ ಪೆಟ್ಟಿಗೆಗಳ ಹಲಗೆ ಕಾರ್ಖಾನೆಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಭಾವ ಅದನ್ನೇ ತಂದು, ಕೊಯ್ದು, ಬಗ್ಗಿಸಿ, ಹಾಯಿ ಕಟ್ಟುವ ಒಂದು ಚಿಕ್ಕ ದೋಣಿ ಮಾಡಿದರು. ಹಲಗೆಯ ಮೇಲೆ ಅಚ್ಚು ಹಾಕಿದ್ದ ಗುರುತುಗಳು ಹಾಗೇ ಉಳಿದವು: ಒಡೆಯುವ ಸಾಮಾನು ಎನ್ನುವುದಕ್ಕೆ ಒಂದು ಲೋಟ, ಮಳೆಗೆ ಹಿಡಿಯಬಾರದು ಎನ್ನುವುದಕ್ಕೆ ಒಂದು ಕೊಡೆ, ಯಾವ ಕಡೆ ಮೇಲೆ ಇರಬೇಕೆಂದು ಎರಡು ಬಾಣ. ನೀರಿಗೆ ಇಳಿಯಬೇಕಾದ ದೋಣಿಯ ಮೈಮೇಲೆ ಕೊಡೆ!

ಕೆಂಪಣ್ಣನವರು ಬೀಡಿ ಹಚ್ಚಿಕೊಂಡು ಬಂದು ಸುತ್ತಲೂ ನೋಡಿದರು. “ಏನಪ್ಪಾ, ಲೋಟದ್ ಗುರ್ತು, ಕೊಡೆ ಗುರ್ತು ಎಲ್ಲಾ ಆಕ್ಕಂಡಿದ್ದೀಯ. ಎಲೆಕ್ಸನ್‌ಗೆ ನಿಂತ್ಕತೀಯೋ ಎಂಗೆ?”

ಭಾವ ನಕ್ಕರು. ಆ ಸಂಜೆಯಿಂದ ನಾನು ಪ್ರತಿದಿನ ದೋಣಿಯ ಮೂತಿಯ ಮೇಲೆ ನಿಂತು, ಕೆಂಪಣ್ಣನವರ ದನಿಯಲ್ಲಿ, ಲೋಟದ ಗುರುತಿಗೇ ಮತ ಕೊಡಿ ಎಂದು ಭಾಷಣ ಮಾಡುತ್ತಿದ್ದೆ. ಅಕ್ಕ ನಕ್ಕು ನಕ್ಕು ಹೊಲಿಗೆ ಮೆಷಿನ್ನಿನ ಮೇಲೆ ತಲೆ ಇಡುತ್ತಿದ್ದಳು. ದಪ್ಪ ಕೋರಾ ಬಟ್ಟೆಯಲ್ಲಿ ಹಾಯಿ ಹೊಲಿಯುತ್ತಿದ್ದವಳು ಅವಳೇ.

ಅವಳು ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ದೋಣಿಯ ಹಲಗೆ ಒಣಗಿದರೆ ಕುಗ್ಗುತ್ತದೆ, ಸಂದಿ ಬಿಟ್ಟುಕೊಳ್ಳುತ್ತದೆ. ಅಂಕೋಲೆಯಲ್ಲಾದರೆ ದೋಣಿ ನೀರಲ್ಲೇ ಇರುತ್ತದೆ, ಆ ಚಿಂತೆಯಿಲ್ಲ. ಪೀಣ್ಯದ ತಗಡಿನ ಸೂರಿನ ಕೆಳಗೆ ಏನು ಮಾಡುವುದು? ಅಕ್ಕ ಪ್ರತಿ ಸಂಜೆ ಬಾವಿಯಿಂದ ಕೊಡ ಕೊಡ ಸೇದಿ ತಂದು ದೋಣಿಯ ಮೈಗೆ ಹುಯ್ಯುತ್ತಿದ್ದಳು. ಎಮ್ಮೆ ಮೈ ತೊಳೆದ ಹಾಗಿದೆ, ಹಾಲು ಎಷ್ಟು ಕೊಡುತ್ತದೆ ಎಂದು ಬೀದಿಯ ಹೆಂಗಸರು ಕೇಳುತ್ತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಕೊಡ ತರುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ದೋಣಿ ಮುಗಿಯಿತು. ಭಾವನ ಗುರುತಿನವನ ಲಾರಿಯೊಂದು ಕಾರವಾರದ ಕಡೆಗೆ ಹೋಗುವುದಿತ್ತು, ದೋಣಿಯನ್ನು ಹೊತ್ತೊಯ್ಯಲು ಅವನು ಒಪ್ಪಿದ್ದ. ಕಾರವಾರದಲ್ಲಿ ನೀರಿಗಿಳಿಸಿ, ಅಂಕೋಲೆಯನ್ನು ಸಮುದ್ರದಿಂದ ನೋಡುತ್ತ ಗೋಕರ್ಣದವರೆಗೆ. ನಡುವೆ ಒಂದು ರಾತ್ರಿ ದೋಣಿಯಲ್ಲೇ. ಭಾವ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕರಾವಳಿಯನ್ನು ಬರೆದು ಇದನ್ನೆಲ್ಲ ವಿವರಿಸುತ್ತಿದ್ದಾಗ, ಅಕ್ಕ ಹಾಯಿಯ ಕೊನೆಯ ಅಂಚು ಹೊಲಿದು, ದಾರವನ್ನು ಹಲ್ಲಲ್ಲಿ ಕಡಿದು ಕೇಳಿದಳು:

“ಅಲ್ಲಿ ಬಿಸಿ ಕಾಫಿ ಸಿಗುತ್ತಾ?”

ಭಾವ ಸೀಮೆಸುಣ್ಣ ಕೆಳಗಿಟ್ಟರು.

ಟೂಲ್ ರೂಮಿನವರ ಸ್ವಭಾವವನ್ನು ಇಲ್ಲಿ ಹೇಳಬೇಕು. ಅವರ ಕೈಗೆ ಬರುವುದು ಮಾಡಬೇಕಾದ ಸಾಮಾನಿನ ಡ್ರಾಯಿಂಗು. ಅದರಲ್ಲಿ ಒಂದು ತೂತು ಬರೆದಿದ್ದರೆ ತೂತು ಕೊರೆಯಬೇಕು. ಯಾಕೆ, ಯಾರಿಗೆ, ಬಿಟ್ಟರೆ ನಡೆಯುತ್ತದಾ ಎಂದು ಕೇಳುವ ಹಾಗಿಲ್ಲ. ಕೊರೆದದ್ದನ್ನು ಪರೀಕ್ಷೆ ಮಾಡದೆ ಗೇಟಿನಾಚೆ ಕಳಿಸುವ ಹಾಗೂ ಇಲ್ಲ. ಭಾವ ಅಕ್ಕನ ಮಾತನ್ನು ಡ್ರಾಯಿಂಗಿನ ಹಾಗೆ ಓದಿದರು. ಮರುದಿನ ಲಾರಿಯವನಿಗೆ ಈ ಸಲ ಬೇಡ, ಒಂದು ಕೆಲಸ ಬಾಕಿ ಇದೆ ಎಂದು ಹೇಳಿ ಕಳಿಸಿದರು. ಕೆಲಸ ಏನೆಂದರೆ, ದೋಣಿಗೆ ತಕ್ಕ ಸ್ಟೌ ಹುಡುಕುವುದು.

ನನಗೆ ಬಡ್ತಿ ಸಿಕ್ಕಿದ್ದು ಆಗಲೇ. ಭಾವ ಒಂದು ದಪ್ಪ ಪೈಪಿನ ಮೇಲೆ ಹಲಗೆ ಅಡ್ಡ ಇಟ್ಟು, ಅದರ ಮೇಲೆ ಸ್ಟೌ ಇಟ್ಟರು. ಹಲಗೆಯ ಒಂದು ತುದಿ ಹಿಡಿದು ಏಳಿಸಿ ಇಳಿಸುವುದು ನನ್ನ ಕೆಲಸ; ನಾನೇ ಸಮುದ್ರ. ಗಾಳಿಯ ಪಾತ್ರವನ್ನು ಮನೆಯ ಟೇಬಲ್ ಫ್ಯಾನು ವಹಿಸಿತು. ಸಮುದ್ರವನ್ನು ನಾನೂ ನೋಡಿದವನಲ್ಲ. ಆದರೂ ಬಾಯಲ್ಲಿ ಭೋರ್ ಎನ್ನುತ್ತ ಅಲೆ ಏಳಿಸುತ್ತಿದ್ದೆ. ಅಷ್ಟು ಅಬ್ಬರ ಬೇಡ ಮಾರಾಯಾ, ಅದು ಚಳಿಗಾಲದ ಸಮುದ್ರ, ಇಷ್ಟು ಕೂಗುವುದಿಲ್ಲ ಎಂದು ಭಾವ ತಿದ್ದುತ್ತಿದ್ದರು.

ಬತ್ತಿ ಸ್ಟೌ ಮೊದಲು ಬಂತು. ಫ್ಯಾನು ಹಾಕಿದ ಕೂಡಲೇ ಒಮ್ಮೆ ಹೊಗೆ ಕಕ್ಕಿ ಆರಿತು. ತಗಡಿನ ಮರೆ ಕಟ್ಟಿದರೆ ಉಸಿರುಗಟ್ಟಿ ಆರಿತು. ಮರದ ಹೊಟ್ಟು ತುಂಬುವ ಒಲೆ ಬಂತು. ಡಬ್ಬದ ನಡುವೆ ಶೀಶೆ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಶೀಶೆ ಎಳೆದರೆ ನಡುವೆ ಗೂಡಾಗುತ್ತದೆ. ಬೆಂಗಳೂರಿನ ಅರ್ಧ ಮನೆಗಳಲ್ಲಿ ನೀರು ಕಾಯುತ್ತಿದ್ದುದು ಅದರಲ್ಲೇ. ನಾನು ಎರಡು ಅಲೆ ಏಳಿಸಿದ್ದೇ ತಡ, ಗೂಡು ಕುಸಿದು ಕೊಟ್ಟಿಗೆಯೆಲ್ಲ ಹೊಗೆ. ಕೆಂಪಣ್ಣನವರು ಓಡಿ ಬಂದು, ಸಮುದ್ರಕ್ಕೂ ಬೆಂಕಿ ಇಟ್ಟಿರಾ ಎಂದು ಕೇಳಿದರು. ಗ್ಯಾಸು ಎಂದು ಯಾರೋ ಹೇಳಿದರು. ಅದು ಸಿಗುವುದೇ ಕನಸು. ಸಿಕ್ಕರೂ, ಸೋರಿದ ಗ್ಯಾಸು ದೋಣಿಯ ತಳದಲ್ಲಿ ನೀರಿನಂತೆ ನಿಂತು ಬೆಂಕಿಕಡ್ಡಿಗೆ ಕಾಯುತ್ತದೆ ಎಂದು ಭಾವ ತಲೆಯಾಡಿಸಿದರು.

ಮೊದಲ ಚಳಿಗಾಲ ಹೀಗೆ ಕಳೆಯಿತು. ಮಳೆಗಾಲದಲ್ಲಿ ಹೊರಡುವ ಮಾತೇ ಇರಲಿಲ್ಲ. ಎರಡನೆಯ ಚಳಿಗಾಲಕ್ಕೆ ಪಂಪ್ ಸ್ಟೌ ಬಂತು. ಗಾಳಿಗೆ ಬಗ್ಗಲಿಲ್ಲ. ಭಾವ ಅದಕ್ಕೆ ಕಬ್ಬಿಣದ ಎರಡು ಬಳೆ ಮಾಡಿದರು, ಒಂದರೊಳಗೊಂದು. ಹಲಗೆ ಯಾವ ಕಡೆ ವಾಲಿದರೂ ಒಳಗಿನ ಸ್ಟೌ ನೆಟ್ಟಗೇ ಇರಬೇಕು. ಅದನ್ನು ಉಜ್ಜಿ, ಮತ್ತೆ ಉಜ್ಜಿ, ಬೆರಳಲ್ಲಿ ಮುಟ್ಟಿದರೆ ಸದ್ದಿಲ್ಲದೆ ತಿರುಗುವ ಹಾಗೆ ಮಾಡುವುದರಲ್ಲೇ ಸಂಕ್ರಾಂತಿ ಬಂತು. ನಾನು ನನ್ನ ಜೀವಮಾನದ ಅತಿ ದೊಡ್ಡ ಅಲೆ ಏಳಿಸಿದೆ. ಪಾತ್ರೆಯ ನೀರು ತುಳುಕಲಿಲ್ಲ. ಭಾವ ಅಕ್ಕನನ್ನು ಕೂಗಿದರು. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಭಾವ ಪಂಪು ಒತ್ತಿದರು, ಸ್ಟೌ ಬುಸುಗುಡತೊಡಗಿತು. ಅಕ್ಕ ಹಿಂದೆ ಸರಿದು ಹೊರಗೆ ಹೋಗಿ ನಿಂತಳು.

ಆ ವರ್ಷ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹೊಸ ಸೊಸೆ ಸತ್ತಿದ್ದಳು. ಸ್ಟೌ ಸಿಡಿಯಿತು ಎಂದರು. ಹಾಗೆ ಅಂದವರ ಮುಖವನ್ನು ಯಾರೂ ನೋಡಲಿಲ್ಲ. ಆ ಹುಡುಗಿಯ ಮದುವೆಯ ರವಿಕೆ ಹೊಲಿದಿದ್ದವಳು ಅಕ್ಕ.

“ಅದೊಂದು ಬೇಡ ಕಣ್ರೀ,” ಎಂದಳು. ಭಾವ ಇನ್ನೇನು ಹೇಳಲು ಹೊರಟವರು ಅವಳ ಮುಖ ನೋಡಿ ಗಾಳಿ ಬಿಟ್ಟು ಸ್ಟೌ ಆರಿಸಿದರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಡ್ರಾಯಿಂಗಿನಲ್ಲಿ ಕಾಫಿ ಇತ್ತಲ್ಲ. ಸದ್ದು ಮಾಡದ, ಸಿಡಿಯದ, ಗಾಳಿಗೆ ಆರದ ಸ್ಟೌವನ್ನು ತಾವೇ ಮಾಡುತ್ತೇನೆಂದು ಭಾವ ಹೊರಟರು. ಷಿಫ್ಟು ಮುಗಿಸಿ ಬಂದು ಕೊಟ್ಟಿಗೆ ಸೇರಿದರೆ ಊಟಕ್ಕೆ ಕರೆಯಬೇಕು. ಆ ಬೇಸಿಗೆ ಬಾವಿಯ ನೀರು ತಳ ಕಂಡಿತು. ಕುಡಿಯುವುದಕ್ಕೇ ಇಲ್ಲದಾಗ ದೋಣಿಗೆ ಹುಯ್ಯುವುದನ್ನು ಕೆಂಪಣ್ಣನವರು ಬೇಡವೆಂದರು. ಬೇಡ ಎನ್ನಲು ಅವರಿಗೂ ಸಂಕಟವಾಗಿತ್ತು. ಅಕ್ಕ ಪಾತ್ರೆ ತೊಳೆದ ನೀರಲ್ಲಿ ಗೋಣಿಚೀಲ ಅದ್ದಿ ದೋಣಿಗೆ ಹೊದಿಸಿದಳು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಕೊಟ್ಟಿಗೆಯಿಂದ ಟಪ್ ಎಂದು ಸದ್ದು ಬಂತು. ಹಲಗೆಗಳ ನಡುವಿನ ಸಂದಿ ಬೆರಳು ಹೋಗುವಷ್ಟು ಬಿಟ್ಟುಕೊಂಡಿತ್ತು. ಅದರ ಮೂಲಕ ಆಚೆ ಕಡೆಯ ಬಿಸಿಲು ಕಾಣುತ್ತಿತ್ತು.

ಆಮೇಲೆ ಕೆಂಪಣ್ಣನವರ ಕೊಟ್ಟಿಗೆಯನ್ನು ಲೋಹಕ್ಕೆ ಹೊಳಪು ಕೊಡುವ ವರ್ಕ್‌ಷಾಪಿನವರು ಬಾಡಿಗೆಗೆ ಕೇಳಿದರು. ಪೀಣ್ಯದಲ್ಲಿ ಆಗ ಕೊಟ್ಟಿಗೆಗಳೆಲ್ಲ ಹಾಗೇ ಕಾರ್ಖಾನೆಗಳಾಗುತ್ತಿದ್ದವು. ಭಾವ ದೋಣಿಯನ್ನು ತಾವೇ ಬಿಚ್ಚಿದರು. ಹಲಗೆಗಳಿಂದ ಕೆಂಪಣ್ಣನವರು ಕೋಳಿಗೂಡು ಮಾಡಿಸಿದರು. ಬಾಣದ ಗುರುತುಗಳು ನೆಲ ತೋರಿಸುವ ಹಾಗೆ ತಲೆಕೆಳಗಾಗಿ ಜೋಡಿಸಿದ್ದನ್ನು ನೋಡಿ ನಾನು ಏನೋ ತಮಾಷೆ ಮಾಡಿದೆ. ಯಾರೂ ನಗಲಿಲ್ಲ, ನಾನೂ ಸೇರಿ.

ಕೆಲವು ವರ್ಷಗಳ ಮೇಲೆ ಭಾವನ ತಂಗಿಯ ಮದುವೆಗೆ ಮೂವರೂ ಕೆಂಪು ಬಸ್ಸಿನಲ್ಲಿ ಅಂಕೋಲೆಗೆ ಹೋದೆವು. ಊಟವಾದ ಮೇಲೆ ಭಾವ ನಮ್ಮನ್ನು ದಂಡೆಗೆ ಕರೆದುಕೊಂಡು ಹೋದರು. ಅಕ್ಕ ಮದುವೆಗೆ ಉಟ್ಟ ಸೀರೆಯಲ್ಲೇ ಮರಳಿನ ಮೇಲೆ ನಿಂತು ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ನಾನು ಮಾಡಿದ್ದ ಸಮುದ್ರ ಎಷ್ಟು ಕೆಟ್ಟ ನಟನೆ ಎಂದು ಅವತ್ತು ಗೊತ್ತಾಯಿತು.

ಸ್ವಲ್ಪ ದೂರದಲ್ಲಿ, ನೀರಲ್ಲೇ ತೂಗುತ್ತಿದ್ದ ಒಂದು ದೋಣಿಯಿಂದ ಹೊಗೆ ಏಳುತ್ತಿತ್ತು. ಒಬ್ಬ ಕುಕ್ಕರುಗಾಲಲ್ಲಿ ಕೂತು ಅನ್ನ ಬೇಯಿಸುತ್ತಿದ್ದ. ಮರದ ಪೆಟ್ಟಿಗೆಯ ತುಂಬ ಮರಳು, ಮರಳಿನ ಮೇಲೆ ಮಣ್ಣಿನ ಒಲೆ, ಒಲೆಯ ಮೇಲೆ ಮಡಕೆ. ಅಷ್ಟೇ.

“ಇದು ನಿಮಗೆ ಗೊತ್ತಿತ್ತಾ?” ಅಕ್ಕ ಕೇಳಿದಳು.

ಭಾವ ಆ ಒಲೆಯ ಕಡೆಗೇ ನೋಡಿದರು. “ಅಪ್ಪನ ದೋಣಿಲೂ ಇದೇ ಇತ್ತು. ಹೊಗೆ, ಮಸಿ. ಕಣ್ಣು ಉರಿತದೆ. ಪ್ಯಾಟೆ ಹತ್ರದ ಹುಡುಗಿಗೆ ಇದ್ರಲ್ಲಿ ಕಾಫಿ ಕಾಸಿ ಕೊಡೂದು ಹೆಂಗೆ ಅಂತ…” ಎಂದು ನಿಲ್ಲಿಸಿ, ಮತ್ತೆ, “ನೀನೇ ಕೇಳಿದ್ಯಲ್ಲ ಜಯಾ, ಬಿಸಿ ಕಾಫಿ ಸಿಗ್ತದಾ ಅಂತ,” ಎಂದರು.

“ಕೇಳಿದ್ದೆ,” ಎಂದಳು ಅಕ್ಕ. “ಸಿಗಲ್ಲ ಅಂದಿದ್ರೂ ಬರ್ತಿದ್ದೆ ಕಣ್ರೀ. ಅವಲಕ್ಕಿ ಕಟ್ಕೊಂಡು ಬರ್ತಿದ್ದೆ.”

ಭಾವ ನನ್ನ ಕಡೆ ನೋಡಿದರು. ನಾನು ಏನಾದರೂ ಅಂದು ನಗಿಸಿಯೇನು ಎಂದು ಕಾದರೋ ಏನೋ. ನನ್ನ ಗಂಟಲಲ್ಲಿ ಆ ಹೊತ್ತಿಗೆ ಒಬ್ಬರೂ ಇರಲಿಲ್ಲ. ದೋಣಿಯವನು ಭಾವನ ದೂರದ ನೆಂಟನೇ. ಕೇಳಿದ್ದರೆ ಒಂದು ಸುತ್ತು ಹಾಕಿಸುತ್ತಿದ್ದ. ಯಾರೂ ಕೇಳಲಿಲ್ಲ. ಒಂದು ಸುತ್ತಿನ ವಿಷಯವಾಗಿರಲಿಲ್ಲ ಅದು. ಬಸ್ಸಿಗೆ ಹೊತ್ತಾಯಿತೆಂದು ಹಿಂದಿರುಗಿದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಕಡೆ, ಭಾವ ಅವಳ ಪಕ್ಕ, ಅವರ ಅಂಗೈ ಸೀಟಿನ ಮೇಲೆ ಅಂಗಾತ ಬಿದ್ದಿತ್ತು. ಘಟ್ಟ ಹತ್ತುವಾಗ ಯಾವಾಗಲೋ ಅಕ್ಕ ಅದರ ಮೇಲೆ ಕೈಯಿಟ್ಟಳು.

ಈಗಲೂ ಇದ್ದಾರೆ ಇಬ್ಬರೂ, ಚೆನ್ನಾಗಿಯೇ ಇದ್ದಾರೆ. ಅಕ್ಕನಿಗೆ ಮಂಡಿನೋವು, ದೂರದ ಪ್ರಯಾಣ ಆಗುವುದಿಲ್ಲ. ಭಾವ ದೋಣಿಯ ಮಾತು ಎತ್ತುವುದಿಲ್ಲ. ಅಂಕೋಲೆ ಸಮುದ್ರದ ಮೇಲಿನಿಂದ ಹೇಗೆ ಕಾಣುತ್ತದೆ ಎಂಬುದು ಅಕ್ಕನಿಗೆ ಇನ್ನು ಗೊತ್ತಾಗುವುದಿಲ್ಲ.

ಮೊನ್ನೆ ನಾನು ಹೀಗೆಲ್ಲ ಯೋಚಿಸುತ್ತ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಹೆಂಡತಿ ಹೊಸ ಒಲೆಯ ಗುಬುಟನ್ನು ಹೆದರಿ ಹೆದರಿ ತಿರುಗಿಸುತ್ತ, ನನ್ನ ಕಡೆ ನೋಡದೆಯೇ ಕೇಳಿದಳು, ಸಂಜೆ ಬೇಗ ಬರ್ತೀರಾ ಎಂದು. ಇಂಥ ಪ್ರಶ್ನೆಗೆ ನಮ್ಮ ಸ್ಟೋರ್ಸ್ ಆಫೀಸರ ಮೂಗಿನ ದನಿಯಲ್ಲಿ, ರಜಾ ಅರ್ಜಿಯನ್ನು ಮೇಲಿನವರಿಗೆ ಕಳಿಸಿ ನೋಡುತ್ತೇನೆ ಎನ್ನುವುದು ನನ್ನ ರೂಢಿ. ಯಾಕೆ, ಏನು ವಿಶೇಷ, ಎಲ್ಲಿಗೆ ಹೋಗಬೇಕು, ಯಾವ ಬಸ್ಸು ಎಂದೆಲ್ಲ ಅದೇ ದನಿಯಲ್ಲಿ ವಿಚಾರಣೆ ನಡೆಯುತ್ತದೆ. ಅಷ್ಟರಲ್ಲಿ ಅವಳಿಗೆ ಸಾಕಾಗಿರುತ್ತದೆ.

“ಬರ್ತೀನಿ,” ಎಂದೆ.

ಅವಳು ಕಡ್ಡಿ ಗೀರುವುದನ್ನು ಬಿಟ್ಟು ತಿರುಗಿ ನೋಡಿದಳು. “ಇದು ಯಾರ ದನಿ ರೀ?” ಎಂದಳು.