ಬಲಕ್ಕೆ ತಿರುಗುವ ಕೈ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರು ರಸ್ತೆ ಕೂಡುವ ಕಡೆ, ಬೀಗದಂಗಡಿಯ ಮುಚ್ಚಿದ ಬಾಗಿಲ ಮುಂದೆ, ಹೆಂಗಸೊಬ್ಬರು ನೆಲದ ಕಬ್ಬಿಣದ ಮುಚ್ಚಳಕ್ಕೆ ಕೊಕ್ಕೆ ಹಾಕಿ ಪಕ್ಕಕ್ಕೆ ಎಳೆಯುತ್ತಾರೆ. ಗುಂಡಿಯೊಳಗೆ ಟಾರ್ಚ್ ಬಿಟ್ಟು, ಹಲ್ಲಿಯೋ ಹಾವೋ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಇಳಿಸಿ ನೀರಿನ ಕೊಳವೆಯ ವಾಲ್ವಿನ ತಲೆಗೆ ಕೂರಿಸುತ್ತಾರೆ. ಅಡ್ಡ ಹಿಡಿಯ ಮೇಲೆ ಎರಡೂ ಕೈ ಇವೆಯಾದರೂ ಎಡಗೈ ಹೆಸರಿಗಷ್ಟೇ. ಅದರ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇದೆ. ಬಲಗೈ ಮತ್ತು ಸೊಂಟದ ಜೋರಿನಲ್ಲಿ ಚಾವಿ ಎಡಕ್ಕೆ ತಿರುಗುತ್ತದೆ. ಕೆಳಗೆಲ್ಲೋ ಕೊಳವೆ ಗೊರ್ ಎಂದು ಗಂಟಲು ಸರಿಮಾಡಿಕೊಳ್ಳುತ್ತದೆ.

ಆಗ ಅವರಿಗೆ ಬಿಕ್ಕಳಿಕೆ ಬರುತ್ತದೆ. ಒಂದೇ ಒಂದು.

ಚಾವಿ ಅರ್ಧಕ್ಕೆ ನಿಲ್ಲುತ್ತದೆ. ಅವರು ಉಸಿರು ಬಿಗಿಹಿಡಿದು ಇನ್ನೊಂದಕ್ಕೆ ಕಾಯುತ್ತಾರೆ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂದಿದೆ. ಬಲಗೈ ತಾನಾಗಿ ಹಿಡಿ ಬಿಟ್ಟು ಎಡ ಭುಜದ ಕಡೆಗೆ ಏಳುತ್ತದೆ. ಕತ್ತಿನ ಕೆಳಗಿನ ಎಲುಬಿನ ಹತ್ತಿರ ಬರುವಷ್ಟರಲ್ಲಿ ಅವರೇ ಅದನ್ನು ಗದರುತ್ತಾರೆ. "ಏಯ್, ಬೇಡ." ಹಾಲಿನ ಪಾತ್ರೆಗೆ ಮೂತಿ ಹಾಕಲು ಬಂದ ಬೆಕ್ಕನ್ನು ಗದರುವ ದನಿ ಅದು. ಕೈಯನ್ನು ಮುಷ್ಟಿ ಮಾಡಿ ಅಂಗಿಯ ಜೇಬಿಗೆ ತುರುಕುತ್ತಾರೆ.

ಎರಡನೆಯದು ಬರುವುದಿಲ್ಲ. ಎದುರುಮನೆಯ ನಲ್ಲಿ ಮೊದಲು ಗಾಳಿ ಬಿಡುತ್ತದೆ, ಆಮೇಲೆ ಯಾರದೋ ಬಕೆಟ್ಟಿಗೆ ನೀರು ಬೀಳುವ ಸದ್ದು. ಮುಚ್ಚಳ ಎಳೆದು, ಚಾವಿ ಹೆಗಲಿಗೇರಿಸಿ, ಅವರು ಮುಂದಿನ ಗುಂಡಿಗೆ ನಡೆಯುತ್ತಾರೆ. ಹೆಜ್ಜೆ ಮಾತ್ರ ಮೊದಲಿನಷ್ಟು ಉದ್ದವಿಲ್ಲ.

ಬಡಾವಣೆಗೆಲ್ಲ ಇವರು ನೀರಕ್ಕ. ಟ್ಯಾಂಕಿನ ನೀರು ಎಲ್ಲ ರಸ್ತೆಗೂ ಒಟ್ಟಿಗೆ ಸಾಲುವುದಿಲ್ಲ. ಒಂದು ರಸ್ತೆಗೆ ಬಿಟ್ಟು, ಇನ್ನೊಂದಕ್ಕೆ ಕಟ್ಟಿ, ಮತ್ತೆ ಅದಕ್ಕೆ ಬಿಟ್ಟು ಇದಕ್ಕೆ ಕಟ್ಟಬೇಕು. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿದೆ. ದಿನಕ್ಕೆ ಮೂವತ್ತರ ಮೇಲೆ ವಾಲ್ವ್, ಬೆಳಗ್ಗೆ ಬಿಡುವ ಸುತ್ತು, ಮಧ್ಯಾಹ್ನಕ್ಕೆ ಮೊದಲು ಕಟ್ಟುವ ಸುತ್ತು. ಎಡಕ್ಕೆ ತಿರುಗಿಸಿದರೆ ಬಿಟ್ಟಂತೆ, ಬಲಕ್ಕೆ ತಿರುಗಿಸಿದರೆ ಕಟ್ಟಿದಂತೆ, ನೀರು ನಿಂತಂತೆ. "ಬಿಡೋದು ಸುಲಭ. ಕಟ್ಟೋದ್ರಲ್ಲೇ ಇರೋದು ಕಷ್ಟ," ಎನ್ನುತ್ತಾರೆ. "ಸರಿಯಾಗಿ ಬಿಗಿ ಮಾಡ್ದೆ ಬಂದ್ರೆ ದಿನವಿಡೀ ಒಳಗೆ ಸೋರ್ತಾ ಇರುತ್ತೆ. ಅದಕ್ಕೇ ಬಿಗಿ ಆಯ್ತು ಅಂದ್ಮೇಲೂ ಇನ್ನೊಂದು ಸಲ ಬಲಕ್ಕೆ ಒತ್ತಿ ಬರ್ತೀನಿ. ಕೈಗೆ ಅದು ರೂಢಿ."

ಆ ರೂಢಿಯೇ ಅವರ ಜೀವಕ್ಕೆ ಕುತ್ತು ತಂದಿತ್ತು.

ಮೊದಲ ಸಲ ತಲೆ ತಿರುಗಿ ಬಿದ್ದದ್ದು ಮನೆಯ ಮೆಟ್ಟಿಲಲ್ಲಿ. ಹೃದಯದ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ಕೇಳಿಸುತ್ತಿಲ್ಲ, ಅದಕ್ಕೇ ಬಡಿತ ತಡವಾಗುತ್ತಿದೆ ಎಂದರು ಡಾಕ್ಟರು. ಎಡಗಡೆ, ಕತ್ತಿನ ಕೆಳಗಿನ ಎಲುಬಿನಡಿ, ಚರ್ಮದೊಳಗೆ ಸಣ್ಣ ಬಿಸ್ಕತ್ತಿನಷ್ಟು ಪೇಸ್‌ಮೇಕರ್ ಇಟ್ಟರು. ಅದರಿಂದ ಹೊರಟ ತಂತಿ ರಕ್ತನಾಳದೊಳಗೆ ಹಾದು ಹೃದಯ ಮುಟ್ಟಿ, ಬಡಿತ ತಪ್ಪಿದಾಗಲೆಲ್ಲ ಅದಕ್ಕೊಂದು ಸಣ್ಣ ಕರೆಂಟಿನ ಪೆಟ್ಟು ಕೊಟ್ಟು ಎಬ್ಬಿಸುತ್ತದೆ. ಕೆಲವು ವಾರ ಎಡಗೈ ಎತ್ತಬಾರದು, ಭಾರ ಹೊರಬಾರದು ಎಂದು ಹೇಳಿ ಕಳಿಸಿದರು.

"ಒಂದು ಡಬ್ಬಿ, ಒಂದು ಪೈಪು. ಇದೇನು ನಂಗೆ ಗೊತ್ತಿಲ್ದೇ ಇರೋದಾ ಅಂದ್ಕೊಂಡೆ," ಎಂದು ನೀರಕ್ಕ ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಮನೆಗೆ ಬಂದ ಮೇಲೆ ಭಯ ಒಳಗೆ ಬಂದು ಕೂತಿತು. ಡಬ್ಬಿ ಇದ್ದಲ್ಲೇ ಇದೆಯೇ? ಅನ್ನ ಬಡಿಸುವಾಗ, ಬಸ್ಸಿಗೆ ಕಾಯುವಾಗ, ಗುಂಡಿಯ ಪಕ್ಕ ಬಗ್ಗುವ ಮೊದಲು ಬೆರಳು ಅಲ್ಲಿಗೆ ಹೋಗುತ್ತಿತ್ತು. ಚರ್ಮದಡಿ ಡಬ್ಬಿಯ ಅಂಚು ಸಿಗುತ್ತಿತ್ತು. ಸಿಕ್ಕರೆ ಸಮಾಧಾನ. ಆದರೆ ನಿನ್ನೆ ಸಿಕ್ಕಿದ ಅಂಚು ಇವತ್ತು ಅಲ್ಲಿಲ್ಲ ಅನ್ನಿಸಿದರೆ? ಸಡಿಲವಾಗಿದೆ ಎಂದುಕೊಂಡು, ಚರ್ಮದ ಮೇಲಿಂದಲೇ ಹಿಡಿದು, ಮೆಲ್ಲಗೆ ಬಲಕ್ಕೆ ಒಂದಿಷ್ಟು ತಿರುಗಿಸಿ ಬಿಗಿ ಮಾಡುತ್ತಿದ್ದರು. ತಿರುಗಿಸಿದ್ದರಿಂದಲೇ ಮಾರನೆಯ ದಿನ ಅಂಚು ಮತ್ತೆ ಬೇರೆ ಕಡೆ ಸಿಗುತ್ತಿತ್ತು. ಮತ್ತೆ ಹೆದರಿಕೆ, ಮತ್ತೆ ಬಲಕ್ಕೆ. ಹೀಗೆ ತಿಂಗಳುಗಟ್ಟಲೆ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಎಂದು ಅನ್ನಿಸಿಯೇ ಇರಲಿಲ್ಲ.

ಆಮೇಲೆ ಬಿಕ್ಕಳಿಕೆ ಶುರುವಾಯಿತು.

ಗಂಡ ಕ್ಷೌರಿಕ, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಆಡುವವರು ಅವರ ತಂಗಿ, ಅಂದರೆ ನೀರಕ್ಕನ ನಾದಿನಿ. ಮುಂಬಾಗಿಲ ಪಕ್ಕದಲ್ಲೇ ಹೊಲಿಗೆ ಮಿಷನ್ ಹಾಕಿಕೊಂಡು ಕೂರುವ ಆಕೆಯ ಬಾಯಿಂದ ದಾರಿಹೋಕರೂ ತಪ್ಪಿಸಿಕೊಳ್ಳಲಾರರು. "ಯಾರೋ ನೆನಸ್ಕೊಳ್ತಿದಾರೆ ಅತ್ತಿಗೆ," ಎಂದರಂತೆ ಮೊದಲ ದಿನ. "ನಮ್ಮಣ್ಣ ಅಂತೂ ಅಲ್ಲ, ಅವನು ಇಲ್ಲೇ ಕೂತು ಕತ್ತರಿ ಮಸೀತಿದಾನೆ. ಬೇರೆ ಯಾರು, ಹೇಳ್ಬಿಡಿ."

ನೀರು ಕುಡಿದರು, ಸಕ್ಕರೆ ತಿಂದರು, ಉಸಿರು ಹಿಡಿದರು. ಬಿಕ್ಕಳಿಕೆ ನಿಲ್ಲಲಿಲ್ಲ. ಹೆದರಿಸಿದರೆ ನಿಲ್ಲುತ್ತದೆಂದು ನಾದಿನಿ ಹಿಂದಿನಿಂದ ಬಂದು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟರು. ನೀರಕ್ಕ ಹಾರಿಬಿದ್ದು, ಗೋಡೆಗೆ ಒರಗಿ, ಕೂತಲ್ಲೇ ಅಳತೊಡಗಿದರು. ಎಂದೂ ದನಿ ಏರಿಸದ ಗಂಡ ಅಂದು ಕೂಗಿದರು: "ಅವಳ ಎದೇಲಿ ಕರೆಂಟ್ ಇದೆ, ನೀನು ತಟ್ಟೆ ಬೀಳಿಸ್ತೀಯಲ್ಲೇ! ಬುದ್ಧಿ ಎಲ್ಲಿಟ್ಟಿದೀಯಾ?"

"ನಂಗೆ ಆವಾಗ್ಲೇ ಒಂದು ವಿಷ್ಯ ವಿಚಿತ್ರ ಅನ್ನಿಸ್ತು," ಎನ್ನುತ್ತಾರೆ ನಾದಿನಿ, ಸೂಜಿಗೆ ದಾರ ಪೋಣಿಸುತ್ತಾ. "ನಮ್ಗೆಲ್ಲ ಬಿಕ್ಕಳಿಕೆ ಬಂದ್ರೆ ಯಾವಾಗ ಬೇಕೋ ಆವಾಗ ಬರುತ್ತೆ. ಅತ್ತಿಗೇದು ಹಾಗಲ್ಲ, ನಾನು ಮಿಷನ್ ತುಳಿದ ಹಾಗೆ, ಒಂದೇ ಸಮ. ಹೇಳ್ಬೇಕು ಅಂದ್ಕೊಂಡೆ. ತಟ್ಟೆ ಗಲಾಟೇಲಿ ಬೈಸ್ಕೊಂಡಿದ್ನಲ್ಲ, ಬಾಯಿ ಮುಚ್ಕೊಂಡೆ. ಇಷ್ಟೆಲ್ಲ ಮಾತಾಡೋಳು ಅವತ್ತೇ ಬಾಯಿ ಮುಚ್ಕೊಂಡೆ, ನೋಡಿ."

ಕೆಲವು ದಿನಕ್ಕೆ ಬಿಕ್ಕಳಿಕೆ ತಾನಾಗಿ ಹೋಯಿತು. ಮನೆಯವರು ನಿಟ್ಟುಸಿರು ಬಿಟ್ಟರು. ಅದರ ಬದಲು ಎಡ ಎದೆಯ ಮಾಂಸ ಮಿಡುಕತೊಡಗಿತು, ಅಂಗಿಯ ಮೇಲೂ ಕಾಣುವಷ್ಟು. ನೀರಕ್ಕ ಶಾಲು ಹೊದ್ದು ಮುಚ್ಚಿಕೊಂಡರು. ಆಸ್ಪತ್ರೆಗೆ ಹೋದರೆ ಮತ್ತೆ ಕೊಯ್ಯುತ್ತಾರೆಂಬ ಭಯ ಒಂದು ಕಡೆ, ಹೋಗದಿದ್ದರೆ ಏನಾಗುತ್ತದೋ ಎಂಬ ಭಯ ಇನ್ನೊಂದು ಕಡೆ. ನಡುವೆ ಬೆರಳು ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು.

ಅದಾದ ಮೇಲೆ ಒಂದು ಮುಂಜಾನೆ ಬೇಕರಿ ಹಿಂದಿನ ರಸ್ತೆಯ ನಲ್ಲಿಗಳು ಬರೀ ಗಾಳಿ ಊದಿದವು. ಖಾಲಿ ಕೊಡ ಹಿಡಿದ ಇಬ್ಬರು ಹೆಂಗಸರು, ಇವತ್ತು ಆ ನೀರಕ್ಕನ ಜುಟ್ಟು ಹಿಡಿಯಲೇಬೇಕು ಎಂದುಕೊಂಡು ಹೊರಟರು. ತಿರುವಿನಲ್ಲಿ ಚಾವಿ ಗುಂಡಿಯೊಳಗೆ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ, ಕಬ್ಬಿಣದ ಮುಚ್ಚಳಕ್ಕೆ ಕೆನ್ನೆ ಆನಿಸಿ, ನೀರಕ್ಕ ಬಿದ್ದಿದ್ದರು. ಅವರಲ್ಲಿ ಒಬ್ಬಾಕೆ ಈಗಲೂ ಅದನ್ನು ಹೇಳುವಾಗ ಕೈಯನ್ನು ಕೊರಳಿಗೆ ಒತ್ತಿಕೊಳ್ಳುತ್ತಾರೆ: "ಬೈಯೋಕೆ ಅಂತ ಬಾಯಿ ತೆಗೆದಿದ್ದೆ. ಮುಖ ನೋಡಿದ್ರೆ ಸುಣ್ಣ ಬಳಿದ ಹಾಗಿದೆ. ಗುಂಡಿ ಒಳಗೆ ಬಿದ್ದಿದ್ರೆ ನಮ್ಗೆ ಕಾಣ್ತಾನೂ ಇರ್ಲಿಲ್ಲ."

ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಾಗ ಡಬ್ಬಿಯ ಸುತ್ತ ತಂತಿ ಹೊಲಿಗೆ ಮಿಷನ್ನಿನ ಬಾಬಿನ್ ದಾರದಂತೆ ಸುತ್ತಿಕೊಂಡಿತ್ತು. ಸುತ್ತುತ್ತಾ ಸುತ್ತುತ್ತಾ ಅದು ಹೃದಯದಿಂದ ಕಳಚಿ ಮೇಲೆ ಬಂದಿತ್ತು. ದಾರಿಯಲ್ಲಿ ಉಸಿರಾಟದ ಸ್ನಾಯುವಿನ ನರಕ್ಕೆ ಪೆಟ್ಟು ಕೊಡುತ್ತಿದ್ದಷ್ಟು ದಿನ ಬಿಕ್ಕಳಿಕೆ. ಇನ್ನೂ ಮೇಲೆ ಬಂದಾಗ ಎದೆಯ ಮಿಡುಕು. ಹೃದಯವನ್ನು ಮಾತ್ರ ಎಬ್ಬಿಸುವವರಿರಲಿಲ್ಲ. ಅದು ತನ್ನಷ್ಟಕ್ಕೆ ಕುಂಟುತ್ತಾ ನಡೆದಿದ್ದರಿಂದ ಜೀವ ಉಳಿದಿತ್ತು.

"ಅಮ್ಮಾ, ಇದನ್ನ ತಿರುಗಿಸ್ತಿದ್ರಾ?" ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ," ಎಂದರು ನೀರಕ್ಕ. "ಬಿಗಿ ಮಾಡ್ತಿದ್ದೆ."

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಹೀಗೆ ಮಾಡಿಕೊಳ್ಳುವವರು ಬೇರೆಯವರೂ ಇದ್ದಾರೆ, ಕೆಲವರು ನಿದ್ದೆಯಲ್ಲಿ ಮಾಡಿಕೊಳ್ಳುತ್ತಾರೆ ಎಂದರು. ಮತ್ತೆ ಕೊಯ್ದು, ಹೊಸ ತಂತಿ ಹಾಕಿ, ಡಬ್ಬಿಯನ್ನು ಈ ಸಲ ಒಳಗಿನ ಮಾಂಸಕ್ಕೇ ಹೊಲಿದರು. ಇನ್ನೊಮ್ಮೆ ಡಬ್ಬಿ ತಿರುಗಿದರೆ ವಾಲ್ವಿನ ಕೆಲಸ ಬಿಡಬೇಕಾಗುತ್ತದೆ ಎಂದರು. ಅದಕ್ಕಿಂತ ಹೆಚ್ಚಿಗೆ, ಪ್ರತಿ ಸಲವೂ ಯಾರಾದರೂ ಜಗಳಕ್ಕೆ ಬಂದು ಉಳಿಸುತ್ತಾರೆಂದು ನಂಬಿ ಕೂರಬೇಡಿ ಎಂದೂ ಹೇಳಿದರು.

ನಿದ್ದೆಯಲ್ಲೂ ಕೈ ಡಬ್ಬಿ ಮುಟ್ಟದಿರಲೆಂದು ನಾದಿನಿ ಅಂದೇ ದಪ್ಪ ಬಟ್ಟೆಯ ಪಟ್ಟಿ ಹೊಲಿದರು. ಎಡ ಭುಜದ ಮೇಲಿಂದ ಎದೆ ಸುತ್ತಿ ಬರುವ ಅದರ ಕೊಕ್ಕೆಗಳೆಲ್ಲ ಬೆನ್ನಿಗೆ. ನೀರಕ್ಕನಿಗೆ ತಾವಾಗಿ ಬಿಚ್ಚಲು ಬಾರದು. ಮಲಗುವ ಮೊದಲು ಗಂಡ ಕೊಕ್ಕೆ ಹಾಕುತ್ತಾರೆ. "ಮದುವೆ ಆಗಿ ಇಷ್ಟು ವರ್ಷಕ್ಕೆ ಅಣ್ಣಂಗೆ ಒಂದು ಜವಾಬ್ದಾರಿ ಬಂತು," ಎಂದು ನಾದಿನಿ ಕಿಚಾಯಿಸುತ್ತಾರೆ. ಗಂಡ ಮಾತ್ರ ಒಂದೊಂದು ಕೊಕ್ಕೆಯನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಾರೆ.

ಇವತ್ತು ತಪಾಸಣೆಯ ದಿನ. ಕಟ್ಟುವ ಸುತ್ತನ್ನು ಪಕ್ಕದ ಬಡಾವಣೆಗೆ ನೀರು ಬಿಡುವವರಿಗೆ ಒಪ್ಪಿಸಿ, ನೀರಕ್ಕ ನಾದಿನಿಯೊಂದಿಗೆ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾರೆ.

"ಏನಾಯ್ತು ಅತ್ತಿಗೆ? ಮುಖ ಯಾಕೆ ಹೀಗೆ ಬಿಳಿಚ್ಕೊಂಡಿದೆ?"

"ಬೆಳಿಗ್ಗೆ ಬಿಕ್ಕಳಿಕೆ ಬಂತು ಕಣೇ."

ನಾದಿನಿ ತಟ್ಟನೆ ಅವರತ್ತ ತಿರುಗುತ್ತಾರೆ. "ಎಷ್ಟು?"

"ಒಂದು." ನೀರಕ್ಕ ನೆಲ ನೋಡುತ್ತಾ ಮುಂದುವರಿಸುತ್ತಾರೆ. "ಅದಲ್ಲ. ಹೋದ ವಾರ ಒಂದಿನ ಎದ್ದಾಗ ಕೈ ಪಟ್ಟಿ ಒಳಗಿತ್ತು. ಹೇಗೆ ಹೋಯ್ತೋ ಗೊತ್ತಿಲ್ಲ. ಏನು ಮಾಡಿದೀನೋ ಅದೂ ಗೊತ್ತಿಲ್ಲ. ನಿಮ್ಮಣ್ಣಂಗೆ ಹೇಳಿಲ್ಲ, ಕೊಕ್ಕೆ ಸರಿಯಾಗಿ ಹಾಕ್ಲಿಲ್ಲ ಅಂತ ತಮ್ಮನ್ನೇ ಬೈಕೊಳ್ತಾರೆ."

ನಾದಿನಿ ಅತ್ತಿಗೆಯ ಬಲಗೈಯನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಮಂಜಿನಂತೆ ತಣ್ಣಗಿದೆ.

ಒಳಗೆ ಕಿರಿದಾದ ಕೋಣೆ, ಎತ್ತರದ ಮಂಚ. ಪೇಸ್‌ಮೇಕರ್ ಪರೀಕ್ಷಿಸುವ ತಂತ್ರಜ್ಞೆ ಇಸ್ತ್ರಿಪೆಟ್ಟಿಗೆಯ ಹಿಡಿಯಂಥದ್ದೊಂದನ್ನು ನೀರಕ್ಕನ ಎದೆಯ ಮೇಲಿಟ್ಟು, ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಾರೆ.

"ಅಮ್ಮಾ, ಈಗ ಇದರ ಶಕ್ತಿ ಸ್ವಲ್ಪ ಕಡಿಮೆ ಮಾಡ್ತೀನಿ. ತಲೆ ಹಗುರ ಆದ ಹಾಗೆ ಅನ್ನಿಸ್ಬಹುದು. ಹೆದರ್ಬೇಡಿ, ನಾನಿಲ್ಲೇ ಇದೀನಿ."

ಹೆದರಬೇಡಿ ಎಂದವರೆಲ್ಲ ಪಕ್ಕದಲ್ಲಿ ನಿಂತವರು. ಮಂಚದ ಮೇಲೆ ಮಲಗಿದವರಿಗೆ ಚಾವಣಿಯ ಫ್ಯಾನು ದೂರ ಸರಿಯುತ್ತದೆ, ಕಿವಿಯಲ್ಲಿ ಗುಯ್ ಎನ್ನುತ್ತದೆ, ಮೆಟ್ಟಿಲೂ ಗುಂಡಿಯ ಅಂಚೂ ಒಟ್ಟಿಗೆ ನೆನಪಾಗುತ್ತವೆ. ಬಲಗೈ ಏಳಲು ನೋಡುತ್ತದೆ. ನಾದಿನಿ ಎರಡೂ ಕೈಯಿಂದ ಅದನ್ನು ಒತ್ತಿಹಿಡಿದಿದ್ದಾರೆ.

"ಆಯ್ತು, ಸರಿ ಮಾಡ್ದೆ," ಎನ್ನುತ್ತಾರೆ ತಂತ್ರಜ್ಞೆ. ಫ್ಯಾನು ಹತ್ತಿರ ಬರುತ್ತದೆ.

"ಮೇಡಂ, ಒಂದು ಮಾತು." ನೀರಕ್ಕ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಪಟ್ಟಿಯೊಳಗೆ ಸಿಕ್ಕಿದ ಕೈ, ಬೆಳಗಿನ ಬಿಕ್ಕಳಿಕೆ, ಎಲ್ಲ. ತಂತ್ರಜ್ಞೆಯ ಮುಖದಲ್ಲಿದ್ದ ನಗು ಹೋಗುತ್ತದೆ. "ಹಾಗಾದ್ರೆ ಎಕ್ಸ್‌ರೇ ಕೂಡ ನೋಡ್ಲೇಬೇಕು."

ಎಕ್ಸ್‌ರೇ ಬರುವವರೆಗೆ ಮತ್ತೆ ಅದೇ ಬೆಂಚು. ಕಸ ಗುಡಿಸುವವರೊಬ್ಬರು ಕಾಲು ಎತ್ತಿ ಎಂದರೆ ಇಬ್ಬರೂ ಒಟ್ಟಿಗೆ ಎತ್ತುತ್ತಾರೆ, ಇಳಿಸಲು ಮರೆಯುತ್ತಾರೆ.

ಕೊನೆಗೆ ಡಾಕ್ಟರು ಕರೆದು ಪರದೆ ತೋರಿಸುತ್ತಾರೆ. ಡಬ್ಬಿಯಿಂದ ಹೊರಟ ತಂತಿ ಒಂದು ಸಡಿಲ ಬಾಗು ತೆಗೆದುಕೊಂಡು ನೇರ ಕೆಳಗಿಳಿದು ಹೃದಯ ಸೇರಿದೆ. "ತಂತಿ ಇದ್ದಲ್ಲೇ ಇದೆ. ಡಬ್ಬಿ ಒಂದು ಕೂದಲೆಳೆಯಷ್ಟು ವಾಲಿದೆ. ಅದು ನಿಮ್ಮ ಕೈ ಮಾಡಿದ್ದೋ, ಮೈಯೇ ಹಾಗೆ ಕೂತಿದ್ದೋ ನಾನು ಹೇಳೋಕಾಗಲ್ಲ. ಮೂರು ತಿಂಗಳಿಗೆ ಮತ್ತೆ ನೋಡೋಣ. ಅಲ್ಲೀವರೆಗೆ ಕೆಲಸ ಮಾಡಿ."

"ಬಿಕ್ಕಳಿಕೆ?"

"ಬೆಳಿಗ್ಗೆ ಏನು ತಿಂದ್ರಿ?"

"ಒಣ ಬ್ರೆಡ್ಡು. ನಡೀತಾ ನಡೀತಾ."

"ಹಾಗಾದ್ರೆ ಆ ಬಿಕ್ಕಳಿಕೆಗೆ ನಾನು ಜವಾಬ್ದಾರನಲ್ಲ," ಎನ್ನುತ್ತಾರೆ ಡಾಕ್ಟರು. ನಾದಿನಿ ಇಡೀ ಆಸ್ಪತ್ರೆಗೆ ಕೇಳುವಂತೆ ನಗುತ್ತಾರೆ. ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ.

ನೀರಕ್ಕ ನಗುವುದಿಲ್ಲ. ಕೂದಲೆಳೆ ಎಂದರೆ ಎಷ್ಟು, ಮೂರು ತಿಂಗಳಲ್ಲಿ ನಿದ್ದೆ ಮಾಡಬೇಕಾದ ರಾತ್ರಿ ಎಷ್ಟು ಎಂಬ ಲೆಕ್ಕ ಅವರ ಮುಖದಲ್ಲಿ ನಡೆಯುತ್ತಿದೆ. ಆಸ್ಪತ್ರೆಯ ಗೇಟಿನ ಪಕ್ಕ ಬಸ್ಸಿಗೆ ಕಾಯುವಾಗ ಮಧ್ಯಾಹ್ನದ ಬಿಸಿಲಿದೆ. ಹೋಟೆಲಿನ ಮುಂದೆ ಒಬ್ಬ ನಲ್ಲಿ ತಿರುಗಿಸಿ, ಯಾರೊಂದಿಗೋ ಮಾತಾಡುತ್ತಲೇ, ಅತ್ತ ನೋಡದೆ ಕೈ ತೊಳೆಯುತ್ತಿದ್ದಾನೆ.

"ಇನ್ನೇನು ಬೇಕು ಅತ್ತಿಗೆ ನಿಮಗೆ? ಡಾಕ್ಟ್ರೇ ಕೆಲಸ ಮಾಡಿ ಅಂದ್ಮೇಲೆ?" ಎಂದು ನಾದಿನಿ ರೇಗುತ್ತಾರೆ. "ಸ್ವಲ್ಪ ನಗಿ!"

ನೀರಕ್ಕ ಆ ಮನುಷ್ಯನನ್ನು ನೋಡುತ್ತಾ ನಿಂತಿದ್ದಾರೆ.

"ಒಂದಿನ, ಒಂದೇ ಒಂದಿನ, ಇದು ಒಳಗಿದೆ ಅನ್ನೋದೇ ನಂಗೆ ಮರೆತುಹೋಗ್ಬೇಕು ಕಣೇ," ಎನ್ನುತ್ತಾರೆ. "ನೋಡು ಅವನ್ನ. ನೀರು ಬಿಟ್ಟೋರು ಯಾರು ಅಂತ ಅವನಿಗೆ ಯೋಚನೆ ಇದೆಯಾ? ಇಲ್ಲ. ಕೆಲಸ ಸರಿಯಾಗಿ ಆಗಿದೆ ಅಂದ್ರೆ ಹಾಗಿರ್ಬೇಕು."