ಹಿತಾ ಬಿಚ್ಚಿದ ಫ್ಯಾನು

ಹಿತಾಳ ಕಥೆ ಹೇಳಬೇಕೆಂದರೆ ಮೊದಲು ಅವಳ ಸೋದರಮಾವ ಸಂಪತ್‌ನನ್ನು ದಾಟಿಕೊಂಡು ಹೋಗಬೇಕು. ಅವನು ಯಾವಾಗಲೂ ಅಡ್ಡ ನಿಂತಿರುತ್ತಾನೆ, ಅದೂ ಸಹಾಯ ಮಾಡುತ್ತಿದ್ದೇನೆ ಎಂಬ ಪೂರ್ಣ ನಂಬಿಕೆಯಿಂದ.

ಸಂಪತ್ ಸಿಂಗಪುರದ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಎಂಜಿನಿಯರ್ ಅಂದರೆ ಕೈಗೆ ಗ್ರೀಸ್ ಮೆತ್ತಿಕೊಂಡವನು ಎಂದು ಮೈಸೂರಿನಲ್ಲಿರುವ ಅವನ ಅಜ್ಜಿ ತಿಳಿದಿದ್ದಾಳೆ. ಅವನ ಕೈಗೆ ಮೆತ್ತುವುದು ಕ್ಯಾಂಟೀನಿನ ಕರಿ ಪಫ್‌ನ ಎಣ್ಣೆ ಮಾತ್ರ. ಯಂತ್ರಗಳು ಏಕೆ ಕೆಡುತ್ತವೆ ಎಂಬುದರ ಬಗ್ಗೆ ಸ್ಲೈಡ್ ಮಾಡುವುದು ಅವನ ಕೆಲಸ. ಸ್ಲೈಡ್‌ಗಳು ಚೆನ್ನಾಗಿರುತ್ತವೆ, ಯಂತ್ರಗಳು ಕೆಡುತ್ತಲೇ ಇರುತ್ತವೆ. ದ್ವೀಪದ ಪಶ್ಚಿಮದ ತುದಿಯಲ್ಲಿ ಕೆಲಸ, ಪೂರ್ವದ ಟ್ಯಾಂಪಿನೀಸ್‌ನಲ್ಲಿ ಅಕ್ಕ ನಳಿನಿಯ ಫ್ಲ್ಯಾಟಿನ ಸಣ್ಣ ರೂಮು. ನಡುವಿನ ಸಿಂಗಪುರವನ್ನೆಲ್ಲ ಅವನು ಎಂಆರ್‌ಟಿ ರೈಲಿನಲ್ಲಿ ತೂಕಡಿಸುತ್ತಲೇ ನೋಡಿದ್ದಾನೆ.

ಆ ಮನೆಯಲ್ಲಿ ನಿಜವಾಗಿ ಗ್ರೀಸ್ ಮೆತ್ತಿಕೊಳ್ಳುತ್ತಿದ್ದವಳು ಅಕ್ಕನ ಮಗಳು. ಮಾತು ಸರಿಯಾಗಿ ಬರುವ ಮೊದಲೇ ಹಿತಾ ಟಿವಿ ರಿಮೋಟ್ ಬಿಚ್ಚಿದವಳು. ಆಮೇಲೆ ಗಡಿಯಾರ, ಆಮೇಲೆ ಊರಿಂದ ಹೊತ್ತು ತಂದ ಮಿಕ್ಸಿ. ಬಿಚ್ಚಿದ್ದನ್ನು ಜೋಡಿಸುವುದೂ ಬರುತ್ತಿತ್ತು, ಒಂದೆರಡು ಸ್ಕ್ರೂ ಉಳಿಯುತ್ತಿದ್ದವು, ಅಷ್ಟೇ. ಆದರೆ ಪರೀಕ್ಷೆಯ ಕಾಗದ ಕಂಡರೆ ಕೈ ತಣ್ಣಗಾಗುತ್ತಿತ್ತು. ಪ್ರೈಮರಿ ಮುಗಿಸಿ ಮುಂದೆ ಹೋಗಲು ಇಲ್ಲಿ ಎಲ್ಲ ಮಕ್ಕಳೂ ಬರೆಯಬೇಕಾದ ಪಿಎಸ್‌ಎಲ್‌ಇ ಪರೀಕ್ಷೆಯಲ್ಲಿ ಅವಳು ಫೇಲಾದಳು. ಮನೆಯಲ್ಲಿ ಆ ದಿನ ಕುಕ್ಕರ್ ಕೂಡ ಮೆಲ್ಲಗೆ ಕೂಗಿದಂತಿತ್ತು. ಭಾವ ಉಮೇಶ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ನಳಿನಿ ಫೋನ್ ಎತ್ತಲಿಲ್ಲ.

ಹಾಗೆ ಹಿತಾ ಹೌಗಾಂಗ್‌ನ ಪುಲಾಯ್ ಶಾಲೆ ಸೇರಿದಳು. ಅಲ್ಲಿರುವವರೆಲ್ಲ ಎಲ್ಲೋ ಒಂದು ಕಡೆ ಜಾರಿ ಬಂದವರೇ. ಅವಳ ಮೇಜಿನಲ್ಲಿ ಒಂದು ಕಡೆ ಫರ್ಹಾನ್, ಇನ್ನೊಂದು ಕಡೆ ಜಿಯಾ ಯಿಂಗ್. ಮೂವರ ಡಬ್ಬಿಯೂ ಮೂವರದು. ಹಿತಾಳ ಚಿತ್ರಾನ್ನಕ್ಕೆ ಜಿಯಾ ಯಿಂಗ್ ಒಣಸೀಗಡಿಯ ಸಾಂಬಾಲ್ ಚಟ್ನಿ ಕಲಸಿಕೊಂಡು ತಿನ್ನುವುದನ್ನು ಕೇಳಿದಾಗ ನಳಿನಿಗೆ ಫೇಲಾದ ದಿನಕ್ಕಿಂತ ಹೆಚ್ಚು ಸಂಕಟವಾಯಿತು.

ಆ ಶಾಲೆಗೆ ಒಂದು ಪದ್ಧತಿ ಇತ್ತು. ಗುರುವಾರ ಮಧ್ಯಾಹ್ನ ಮಕ್ಕಳು ಸುತ್ತಲಿನ ಫ್ಲ್ಯಾಟ್ ಬ್ಲಾಕುಗಳಿಗೆ ಹೋಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಮನೆ. ಆ ಮನೆಯಲ್ಲಿ ಕೆಟ್ಟ ಸಾಮಾನನ್ನು ರಿಪೇರಿ ಮಾಡಬೇಕು. ಅಷ್ಟಕ್ಕೇ ಪಾಸಿಲ್ಲ. ಯಾಕೆ ಕೆಟ್ಟಿತು, ಮತ್ತೆ ಕೆಟ್ಟರೆ ಏನು ಮಾಡಬೇಕು ಎಂದು ಮನೆಯವರಿಗೆ ಕಲಿಸಬೇಕು. ಮನೆಯವರು ತಮ್ಮ ಕೈಯಿಂದಲೇ ಅದನ್ನು ಜೋಡಿಸಿ, ಕಲಿತದ್ದನ್ನು ತಮ್ಮ ಮಾತಿನಲ್ಲಿ ಒಪ್ಪಿಸಿದರೆ ವಿದ್ಯಾರ್ಥಿ ಪಾಸು. ವರ್ಷದ ಕೊನೆಯ ಗುರುವಾರ ವಿದ್ಯಾರ್ಥಿಯ ಮನೆಯಿಂದಲೂ ಒಬ್ಬರು ಬಂದು ಕೂತು ನೋಡಬೇಕು.

ಆ ಕೊನೆಯ ಗುರುವಾರ ಹತ್ತಿರ ಬಂದಾಗ ನಳಿನಿ ಮೈಸೂರಿನ ಹಾಸ್ಟೆಲ್ ಶಾಲೆಯೊಂದಕ್ಕೆ ಮಾತಾಡಿ ಇಟ್ಟಿದ್ದಳು.

"ಇದೂ ಆಗ್ಲಿಲ್ಲ ಅಂದ್ರೆ ಅಲ್ಲಿಗೇ ಕಳ್ಸೋದು," ಎಂದಳು ಊಟದ ಹೊತ್ತಿಗೆ. "ಇಲ್ಲಿ ನನಗೆ ಯಾರ ಮುಖಾನೂ ನೋಡಕ್ಕಾಗಲ್ಲ."

ಹಿತಾ ತಟ್ಟೆ ನೋಡುತ್ತ, "ಅಲ್ಲಿ ಟೂಲ್ಸ್ ಕೊಡ್ತಾರಾ?" ಎಂದು ಮಾತ್ರ ಕೇಳಿದಳು.

ಅವಳಿಗೆ ಬಂದದ್ದು ಕ್ವೆಕ್ ಆಂಟಿಯ ಮನೆ. ಒಬ್ಬಂಟಿ ಮುದುಕಿ, ಒಂದು ಸ್ಟ್ಯಾಂಡ್ ಫ್ಯಾನು. ಅದು ತಾನಾಗಿ ತಿರುಗುತ್ತಿರಲಿಲ್ಲ. ಸ್ವಿಚ್ ಹಾಕಿ, ಜಾಲರಿಯೊಳಗೆ ಚಾಪ್‌ಸ್ಟಿಕ್ ತೂರಿಸಿ ರೆಕ್ಕೆಗೆ ಒಂದು ಏಟು ಕೊಟ್ಟರೆ ಮಾತ್ರ ಓಡುತ್ತಿತ್ತು. ಅದಕ್ಕೆಂದೇ ಜೋಡಿಯಲ್ಲೊಂದು ಕಡ್ಡಿಯನ್ನು ಆಂಟಿ ಫ್ಯಾನಿನ ಪಕ್ಕ ಇಟ್ಟಿದ್ದರು.

ಹಿತಾ ಅದನ್ನು ಮನೆಗೆ ತಂದು, ಭಾನುವಾರ ಕೂತು, ಮೋಟರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಬದಲಿಸಿದಳು. ಫ್ಯಾನು ತಿರುಗಿತು, ಆದರೆ ಮುಷ್ಕರಕ್ಕೆ ಕೂತವರ ಹಾಗೆ ನಿಧಾನವಾಗಿ.

"ಇನ್ನೂ ಏನೋ ಹಿಡ್ಕೊಂಡಿದೆ ಮಾಮಾ. ಯೋಚ್ನೆ ಮಾಡ್ಬೇಕು," ಎಂದು ಸೈಕಲ್ ತಗೊಂಡು ಹೊರಟಳು. ಅವಳು ಯೋಚನೆ ಮಾಡುವುದು ಸೈಕಲ್ ಮೇಲೆ.

ಸಂಪತ್ ಫ್ಯಾನಿನ ಜೊತೆ ಒಬ್ಬನೇ ಉಳಿದ. ಅವನು ಬೆಳೆದ ಬೀದಿಯಲ್ಲಿ ಏಳನೇ ಕ್ಲಾಸಿನ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಬಾರದ ಅಪ್ಪನೇ ಇರಲಿಲ್ಲ. ಅವನ ಥರ್ಮೋಕೋಲ್ ಅಣೆಕಟ್ಟನ್ನೂ ಅಪ್ಪನೇ ಕಟ್ಟಿದ್ದು. ಇವನು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದ. ಮಕ್ಕಳ ಮೇಲಿನ ಪ್ರೀತಿ ಅಂದರೆ ಅವರ ಕೆಲಸವನ್ನು ನಾವು ಮುಗಿಸುವುದು ಎಂದೇ ಆ ಕಡೆಯವರಿಗೆಲ್ಲ ಗೊತ್ತು. ಅವನು ಫ್ಯಾನು ಬಿಚ್ಚಿದ. ಮೋಟರಿನ ಕಂಬಿ ಒಣಗಿ ಬಿಗಿದಿತ್ತು. ಮನೆಯಲ್ಲಿ ಮೆಷಿನ್ ಎಣ್ಣೆ ಕಾಣಲಿಲ್ಲ. ಬಾತ್‌ರೂಮಿನಲ್ಲಿ ಅಕ್ಕನ ಕೊಬ್ಬರಿ ಎಣ್ಣೆ ಇತ್ತು. ಯಂತ್ರಗಳಿಗೆ ತಕ್ಕ ಎಣ್ಣೆಯ ಆಯ್ಕೆ ಎಂಬ ವಿಷಯದ ಮೇಲೆ ಹಿಂದಿನ ವಾರವಷ್ಟೇ ಅವನು ಸ್ಲೈಡ್ ಮಾಡಿ ಚಪ್ಪಾಳೆ ಗಿಟ್ಟಿಸಿದ್ದ. ಆ ಧೈರ್ಯದಲ್ಲಿ ಧಾರಾಳವಾಗಿ ಸುರಿದ.

ಫ್ಯಾನು ಹಾರಿಹೋಗುವ ಹಾಗೆ ತಿರುಗಿತು.

"ಹೆಂಗೆ ಸರಿಯಾಯ್ತು?" ಎಂದಳು ಹಿತಾ, ವಾಪಸು ಬಂದು.

"ಸ್ವಲ್ಪ ಹೊತ್ತು ಓಡಿಸ್ದೆ. ತಾನೇ ಸರಿಹೋಯ್ತು ನೋಡು."

ಹಿತಾಳ ಹುಬ್ಬು ಇಳಿಯಲಿಲ್ಲ. ಆದರೂ ಮರುದಿನ ಫ್ಯಾನನ್ನು ಶಾಲೆಗೆ ಒಯ್ದು ವರ್ಕ್‌ಶಾಪಿನಲ್ಲಿ ಇಟ್ಟಳು. ಆ ವರ್ಕ್‌ಶಾಪಿನ ಏಸಿ ಹೇಗಿತ್ತೆಂದರೆ ಮಕ್ಕಳು ಒಳಗೆ ಸ್ವೆಟರ್ ಹಾಕಿಕೊಳ್ಳುತ್ತಿದ್ದರು.

ಗುರುವಾರ ನಳಿನಿಗೆ ಎಂದಿನಂತೆ ತಲೆನೋವು ಬಂತು. ಮನೆಯವರ ಲೆಕ್ಕದಲ್ಲಿ ಸಂಪತ್ ಅರ್ಧ ದಿನ ರಜೆ ಹಾಕಿ ಕ್ವೆಕ್ ಆಂಟಿಯ ಮನೆಗೆ ಬಂದ. ಶಿಕ್ಷಕಿ ಹಂಸಾ ಕನ್ನಡದವರೇ, ಆದರೆ ಇಲ್ಲೇ ಹುಟ್ಟಿ ಬೆಳೆದವರು. ಅವರ ಕನ್ನಡ ಮನೆಯ ಅಡುಗೆಕೋಣೆಯಿಂದ ಹೊರಗೆ ಹೆಚ್ಚು ಓಡಾಡಿರಲಿಲ್ಲ.

"ನೀವು ಕೂತ್ಕೊಳ್ಳಿ. ಸುಮ್ನೆ ಕೂತ್ಕೊಳ್ಳಿ," ಎಂದರು ಸಂಪತ್‌ಗೆ. ಎರಡನೆಯ ವಾಕ್ಯ ಏಕೆ ಬೇಕಿತ್ತೆಂದು ಅವನಿಗೆ ತಿಳಿಯಲಿಲ್ಲ.

ಹಿತಾ ವರ್ಕ್‌ಶಾಪಿನಿಂದ ಆಗಷ್ಟೇ ತಂದ ಫ್ಯಾನಿನ ಪ್ಲಗ್ ಹಾಕಿ ಸ್ವಿಚ್ ಒತ್ತಿದಳು. ಫ್ಯಾನು ಗುಂಯ್ ಎಂದಿತು. ತಿರುಗಲಿಲ್ಲ.

ಕ್ವೆಕ್ ಆಂಟಿ ಎದ್ದು ಅಭ್ಯಾಸಬಲದಿಂದ ಚಾಪ್‌ಸ್ಟಿಕ್ ಕೈಗೆತ್ತಿಕೊಂಡರು. "ನೆವರ್ ಮೈಂಡ್ ಲಾ, ಗರ್ಲ್. ಓಲ್ಡ್ ಫ್ಯಾನ್, ಓಲ್ಡ್ ಲೇಡಿ, ಸೇಮ್ ಸೇಮ್."

ಆ ಕರುಣೆ ಹಿತಾಳ ಮುಖವನ್ನು ಕೆಡಿಸಿಬಿಟ್ಟಿತು. ಪಿಎಸ್‌ಎಲ್‌ಇ ಫಲಿತಾಂಶದ ದಿನ ಇದ್ದ ಮುಖ ಅದೇ. ಸಂಪತ್‌ಗೆ ಮೈಸೂರಿನ ಹಾಸ್ಟೆಲಿನ ಕಬ್ಬಿಣದ ಮಂಚ ಕಣ್ಣ ಮುಂದೆ ಬಂತು.

"ವೋಲ್ಟೇಜ್ ಪ್ರಾಬ್ಲಂ ಇರ್ಬಹುದು ಮೇಡಂ," ಎಂದ.

"ಸಿಂಗಪುರದಲ್ಲಾ?" ಎಂದರು ಹಂಸಾ. ಆಮೇಲೆ ಹಿತಾಳ ಕಡೆ ತಿರುಗಿ, "ಗುರುವಾರ ಇನ್ನೂ ಮುಗಿದಿಲ್ಲ, ಹಿತಾ," ಎಂದರು.

ಹಿತಾ ಪ್ಲಗ್ ಎಳೆದಳು. ಜಾಲರಿ, ರೆಕ್ಕೆ, ಹಿಂದಿನ ಮುಚ್ಚಳ ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಕೂತವು. ಕಂಬಿಯ ಸುತ್ತ ಬೆಳ್ಳಗೆ ಮೇಣದಂಥದ್ದೇನೋ ಹೆಪ್ಪುಗಟ್ಟಿತ್ತು. ಬೆರಳಲ್ಲಿ ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಮಾಮಾ."

"ಹೂಂ."

"ಇದು ಅಮ್ಮನ ತಲೆ ಎಣ್ಣೆ."

ಕ್ವೆಕ್ ಆಂಟಿಯೂ ಬಗ್ಗಿ ಮೂಸಿದರು. "ವಾ! ನಾಸಿ ಲೆಮಾಕ್!" ಎಂದರು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನದ ಹೆಸರು ಕೇಳಿ ಹಂಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಎಂಜಿನಿಯರ್ ಸಾಹೇಬ ನೆಲದ ಟೈಲಿನ ವಿನ್ಯಾಸವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಹಿತಾ ಬೈಯುತ್ತಾಳೆ, ಅಳುತ್ತಾಳೆ ಎಂದು ಅವನು ಕಾದ. ಅವಳು ಸೈಕಲ್ ಮೇಲೆ ಕೂತವಳ ಹಾಗೆ ಸುಮ್ಮನಾದಳು. ಯೋಚನೆ ಓಡುತ್ತಿತ್ತು.

"ಭಾನುವಾರ ಎಣ್ಣೆ ಬಿದ್ಮೇಲೆ ಜೋರಾಗಿ ಓಡ್ತು. ವರ್ಕ್‌ಶಾಪ್ ಏಸೀಲಿ ಎಣ್ಣೆ ಗಟ್ಟಿಯಾಯ್ತು, ನಿಂತ್ಹೋಯ್ತು. ಅಂದ್ರೆ ಕೆಪಾಸಿಟರ್ ಒಂದೇ ಅಲ್ಲ, ಇಲ್ಲೂ ಹಿಡ್ಕೊಂಡಿತ್ತು." ತಲೆ ಎತ್ತಿದಳು. "ಮಿಸ್ ಹಂಸಾ, ಎರಡು ಕಾಯಿಲೆ ಇತ್ತು ಇದಕ್ಕೆ!"

ಅವಳ ದನಿಯಲ್ಲಿ ಬಂದ ಆ ಏರು ಸಂಪತ್ ಎಂದೂ ಕೇಳದಿದ್ದದ್ದು. ತಡೆಯಲಾರದೆ ಸ್ಕ್ರೂಡ್ರೈವರಿನತ್ತ ಕೈ ಚಾಚಿದ.

"ಮಾಮಾ. ಟಾರ್ಚ್ ಹಿಡ್ಕೊ. ಟಾರ್ಚ್ ಒಂದೇ."

ಅವನು ಹಿಡಿದುಕೊಂಡ. ಅವಳು ಕೊಬ್ಬರಿ ಎಣ್ಣೆಯನ್ನೆಲ್ಲ ಒರೆಸಿ, ಕಂಬಿಗೆ ಸುತ್ತಿಕೊಂಡಿದ್ದ ಕೂದಲೆಳೆಗಳನ್ನು ಚಿಮುಟದಿಂದ ಬಿಡಿಸಿ, ಶಾಲೆಯ ಪೆಟ್ಟಿಗೆಯಲ್ಲಿದ್ದ ಮೆಷಿನ್ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟಳು. ಕೆಲಸ ಅಂದಗೆಟ್ಟೇ ನಡೆಯಿತು. ಒಂದು ಸ್ಕ್ರೂ ಸೋಫಾದ ಕೆಳಗೆ ಓಡಿತು, ಅದನ್ನು ತರಲು ಮಾತ್ರ ಮಾಮನಿಗೆ ಅಪ್ಪಣೆ ಸಿಕ್ಕಿತು. ಆಮೇಲೆ ಅವಳು ಎಲ್ಲವನ್ನೂ ಕ್ವೆಕ್ ಆಂಟಿಯ ಮುಂದೆ ಸರಿಸಿ, ಕೈ ಹಿಂದಕ್ಕೆ ಕಟ್ಟಿ ಕೂತಳು.

ಆಂಟಿ ಒಂದೊಂದನ್ನೇ ಎತ್ತಿ ಜೋಡಿಸತೊಡಗಿದರು. ರೆಕ್ಕೆ ಒಮ್ಮೆ ತಿರುಗುಮುರುಗಾಗಿ ಕೂತಿತು. ಸಂಪತ್ ಎದ್ದುಬಿಡಲು ಚಡಪಡಿಸಿದ. ಹಿತಾ ಅಲುಗಲಿಲ್ಲ. "ಅದರ್ ಸೈಡ್, ಆಂಟಿ. ಟೇಕ್ ಯುವರ್ ಟೈಮ್," ಎಂದಳು. ಕಾಯುವುದು ಅಷ್ಟು ಕಷ್ಟದ ಕೆಲಸವೆಂದು ಅವನಿಗೆ ಯಾವ ಕಾಲೇಜಿನಲ್ಲೂ ಹೇಳಿರಲಿಲ್ಲ.

ಆಂಟಿಯೇ ಪ್ಲಗ್ ಹಾಕಿದರು, ಆಂಟಿಯೇ ಸ್ವಿಚ್ ಒತ್ತಿದರು. ಕಿಟಕಿಯ ಪರದೆ ಎದ್ದು ನಿಂತಿತು.

ಹಂಸಾ ಕೇಳಿದರು, ಯಾಕೆ ಕೆಟ್ಟಿತ್ತು ಎಂದು. ಮುದುಕಿ ಎದೆ ಸೆಟೆಸಿ ಒಪ್ಪಿಸಿದರು: "ಟೂ ಸಿಕ್‌ನೆಸ್. ಒನ್, ಸ್ಟಾರ್ಟಿಂಗ್ ನೋ ಪವರ್, ಚೇಂಜ್ ದಿಸ್ ಸ್ಮಾಲ್ ಬಾಕ್ಸ್. ಟೂ, ಇನ್‌ಸೈಡ್ ಟೂ ಡ್ರೈ, ಮೈ ಹೇರ್ ಆಲ್ಸೋ ಇನ್‌ಸೈಡ್. ಕ್ಲೀನ್, ಪುಟ್ ಆಯಿಲ್." ಸಂಪತ್‌ನತ್ತ ಬೆರಳು ತೋರಿಸಿ, "ನಾಟ್ ಕುಕಿಂಗ್ ಆಯಿಲ್!" ಎಂದರು.

"ಪಾಸ್," ಎಂದರು ಹಂಸಾ.

ಕ್ವೆಕ್ ಆಂಟಿ ಆ ಒಂಟಿ ಚಾಪ್‌ಸ್ಟಿಕ್ಕನ್ನು ತೊಳೆದು, ಅಡುಗೆಮನೆಯ ಡಬ್ಬಿಯಲ್ಲಿ ಅದರ ಜೋಡಿಯ ಪಕ್ಕ ನಿಲ್ಲಿಸಿ ಬಂದರು.

ಸಂಪತ್ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ, ಕೊಬ್ಬರಿ ಎಣ್ಣೆಯ ವಿಷಯವನ್ನೂ ಬಿಡದೆ. ನಳಿನಿ ನಗಲಿಲ್ಲ. "ಆ ಆಂಟಿ ಪೂರ್ತಿ ಹೇಳಿದ್ರಾ? ಹಿತಾ ಕಲ್ಸಿದ್ದಾ?" ಎಂದು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹೇಳು ಎಂದಳು. ಅವನು ಮತ್ತೊಮ್ಮೆ ಹೇಳಿದ. ತಲೆನೋವು ಎಂದು ಹಣೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಅವಳು ಮೈಸೂರಿಗೆ ಫೋನ್ ಮಾಡಿ ಸೀಟು ಬೇಡವೆಂದಳು.

ಆ ಭಾನುವಾರ ಟ್ಯಾಂಪಿನೀಸ್‌ನ ಫ್ಲ್ಯಾಟುಗಳ ಬುಡದ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಕನ್ನಡದ ಮನೆಗಳವರೆಲ್ಲ ಡಬ್ಬಿ ತಂದು ಸೇರಿದ್ದರು. ಮಾತು ಮಕ್ಕಳ ಶಾಲೆಗೆ ಬಂತು. ಅದು ಬಂದಾಗಲೆಲ್ಲ ನಳಿನಿ "ಇಲ್ಲೇ ಹತ್ರ" ಎಂದು ಬಿಸಿಬೇಳೆಬಾತ್ ಬಡಿಸಲು ಎದ್ದುಬಿಡುತ್ತಿದ್ದಳು. ಸಂಪತ್ ಪಾತ್ರೆಯನ್ನು ಅವಳ ಕೈಗೆಟುಕುವಂತೆ ಸರಿಸಿದ. ಅಭ್ಯಾಸ, ಏನು ಮಾಡುವುದು.

"ಹಿತಾ ಯಾವ ಸ್ಕೂಲಮ್ಮ ಈಗ?" ಎಂದರು ಎಲ್ಲರಿಗಿಂತ ಹಿರಿಯರಾದ ದ್ವಾರಕನಾಥ್ ಅಂಕಲ್.

ನಳಿನಿ ಏಳಲಿಲ್ಲ. "ಪುಲಾಯ್ ಸ್ಕೂಲ್, ಅಂಕಲ್. ಹೌಗಾಂಗ್‌ನಲ್ಲಿ. ಪಿಎಸ್‌ಎಲ್‌ಇ ಫೇಲಾದ ಮಕ್ಳು ಹೋಗೋ ಸ್ಕೂಲು. ಅಲ್ಲಿ ನನ್ ಮಗಳು ಎಲೆಕ್ಟ್ರಿಕಲ್ ಕಲೀತಿದಾಳೆ." ಪಕ್ಕದ ಕಲ್ಲುಮೇಜಿನವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು.

ಅಂಕಲ್ ಒಂದು ಕ್ಷಣ ತಡವರಿಸಿ, ದಾರಿ ಸಿಕ್ಕವರಂತೆ ಮುಖ ಅರಳಿಸಿದರು. "ಹೌದಾ! ಹಾಗಾದ್ರೆ ನಮ್ಮನೆ ಫ್ಯಾನ್ ಒಂದು ಕಿರಗುಡ್ತಾ ಇದೆ, ಬಂದು ಸರಿ ಮಾಡ್ಕೊಡಕ್ಕೆ ಹೇಳಮ್ಮ."

"ಮಾಡ್ಕೊಡಲ್ಲ ಅಂಕಲ್," ಎಂದಳು ನಳಿನಿ, ಬಾತ್ ಕಲಸುತ್ತ. "ನಿಮಗೇ ಕಲಿಸ್ತಾಳೆ. ನೀವು ಒಪ್ಪಿಸೋವರ್ಗೂ ಎದ್ದು ಬರಲ್ಲ ಅವ್ಳು."

ಹಿತಾ ತಟ್ಟೆಯಿಂದ ತಲೆ ಎತ್ತಿ ಅಮ್ಮನನ್ನು ನೋಡಿದಳು. ಆಮೇಲೆ ಮಾಮನ ಕಡೆ ತಿರುಗಿ, "ಗುರುವಾರ ಫ್ರೀನಾ? ಟಾರ್ಚ್ ತಗೊಂಡು ಬಾ," ಎಂದಳು.