ಘೋಣಸಗಿ ಮಡ್ಡಿಯ ಓತಿಕ್ಯಾತಗಳು

ವಿಜಯಪುರದ ಅಥಣಿ ರಸ್ತೆಯಲ್ಲಿರುವ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಹುಡುಗಿ ಓತಿಕ್ಯಾತಗಳ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದು ಗೊತ್ತಾದಾಗ ನಾನು ಮೊದಲು ಕೇಳಿದ್ದು, ಅವನ್ನೇನು ಮನೆಗೆ ತರುತ್ತೀಯಾ ಎಂದು. ಹಿಡಿಯುವುದಿಲ್ಲ, ದೂರದಿಂದ ನೋಡಿ ಬರೆದುಕೊಳ್ಳುತ್ತೇನೆ ಅಷ್ಟೇ ಅಂದಳು. ಮೈಸೂರು ಕಡೆಯವಳು, ಮೂವತ್ತರ ಒಳಗಿನ ವಯಸ್ಸು. ಹಾವು, ಹಲ್ಲಿ, ಕಪ್ಪೆಗಳು ನಮ್ಮ ಬಯಲಿನಲ್ಲಿ ಹೇಗೆ ಉಳಿದುಕೊಂಡಿವೆ, ಇನ್ನು ಮುಂದೆ ಹೇಗೆ ಉಳಿದಾವು ಎಂಬುದು ಅವಳ ಅಧ್ಯಯನ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತು ವರ್ಷ ಕಪ್ಪೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದಿದ್ದೆ. ಒಂದು ಕಪ್ಪೆಯನ್ನೂ ಐದು ನಿಮಿಷ ಕೂತು ನೋಡಿರಲಿಲ್ಲ.

ಅವಳಿಗೆ ಉಳುಮೆಯಾಗದ ಕಲ್ಲುನೆಲ ಬೇಕಿತ್ತು. ನನ್ನ ಅಣ್ಣನದು ಘೋಣಸಗಿಯಲ್ಲಿ ಅಂಥದೊಂದು ಮಡ್ಡಿ ಇತ್ತು. ಮೇಲೆಲ್ಲ ಗರಸಿನ ಹರಳುಕಲ್ಲು, ಅಲ್ಲಲ್ಲಿ ಜಾಲಿಕಂಟಿ. ಕುರಿ ಮೇಯಿಸುವವರನ್ನು ಬಿಟ್ಟರೆ ಅತ್ತ ಕಡೆ ಯಾರೂ ಹಾಯುತ್ತಿರಲಿಲ್ಲ. ಒಂದು ರವಿವಾರ ಅವಳನ್ನು ಕರೆದುಕೊಂಡು ಟಿಕೋಟಾದವರೆಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ಅಣ್ಣ ಜೀಪಿನಲ್ಲಿ ಊರಿಗೆ ಕರೆದೊಯ್ದ. ದಾರಿಯುದ್ದಕ್ಕೂ ಅವನು ಅವಳನ್ನು ಕನ್ನಡಿಯಲ್ಲಿ ನೋಡಿ ನೋಡಿ ನಗುತ್ತಿದ್ದ. ಇಷ್ಟು ಓದಿ ಓತಿಕ್ಯಾತ ಎಣಿಸುವುದೇ ಎಂಬುದು ಅವನ ಸೋಜಿಗ.

ಬೇಸಿಗೆಯ ಆ ಬೆಳಿಗ್ಗೆ ಅವಳು ನಮ್ಮಿಬ್ಬರನ್ನು ಒಂದು ಜಾಲಿಯ ನೆರಳಿನಲ್ಲಿ ಕೂಡಿಸಿ, ಅಲ್ಲಾಡಬೇಡಿ ಎಂದಳು. ಸ್ವಲ್ಪ ಹೊತ್ತಿಗೆ ಬೆರಳುದ್ದದ, ಮಣ್ಣಿನದೇ ಬಣ್ಣದ ಒಂದು ಓತಿ ಕಲ್ಲಿನ ಮೇಲೆ ಏರಿ ನಿಂತಿತು. ಹಿಂಗಾಲಿನ ಮೇಲೆ ಎದೆ ಎತ್ತಿ, ಕೊರಳಿನ ಚರ್ಮವನ್ನು ಬೀಸಣಿಗೆಯಂತೆ ಒಮ್ಮೆಲೆ ಬಿಚ್ಚಿತು. ನೀಲಿ, ಕಪ್ಪು, ಕೆಂಪು. ಮುಚ್ಚಿತು, ಮತ್ತೆ ಬಿಚ್ಚಿತು. ಅಣ್ಣನ ವಯಸ್ಸು ಐವತ್ತೆಂಟು. ಹುಟ್ಟಿದ್ದು, ಬೆಳೆದದ್ದು ಅದೇ ಹೊಲದಲ್ಲಿ. ಓತಿ ಕಲ್ಲಿನಿಂದ ಇಳಿಯುವವರೆಗೂ ಅವನು ಕಣ್ಣು ಕೀಳದೆ ನೋಡಿದ. ಆಮೇಲೆ ಮೆಲ್ಲಗೆ ನನಗಷ್ಟೇ ಕೇಳುವಂತೆ, “ಸಣ್ಣಾಂವಿದ್ದಾಗ ಇವಕ್ಕ ಕಲ್ಲು ಹೊಡದೇನಿ, ತಂಗಿ,” ಅಂದ.

ಅಣ್ಣ ಆಗ ಆ ಮಡ್ಡಿಯನ್ನು ಸಮ ಮಾಡಿಸಿ ದ್ರಾಕ್ಷಿ ಪಡ, ಅಂದರೆ ತೋಟ, ಹಚ್ಚುವ ವಿಚಾರದಲ್ಲಿದ್ದ. ಕಾಲುವೆಗೆ ನೀರು ಬಂದ ಮೇಲೆ ಸುತ್ತಲಿನವರೆಲ್ಲ ಹಚ್ಚಿದ್ದರು. ಜೆಸಿಬಿಯವನಿಗೆ ಹೇಳಿಯೂ ಆಗಿತ್ತು. ನೆಲ ಸಮ ಮಾಡಿದರೆ ಇವು ಏನಾಗುತ್ತವೆ ಎಂದು ಅವನೇ ಕೇಳಿದ. ಸಮ ಮಾಡಿದ ನೆಲದಲ್ಲಿ ಇವು ಇರುವುದಿಲ್ಲ ಎಂದು ಅವಳು ಹೇಳಿದಳು.  ಆ ವರ್ಷ ಜೆಸಿಬಿ ಬರಲಿಲ್ಲ.

ಅವಳು ಬೆಳಿಗ್ಗೆ ಆರರ ಬಸ್ಸಿಗೆ ಹೋಗಿ ಮಧ್ಯಾಹ್ನ ಬಿಸಿಲಿಗೆ ಕಪ್ಪಾಗಿ ಬರುತ್ತಿದ್ದಳು. ನಾನು ಕಟ್ಟಿ ಕೊಡುತ್ತಿದ್ದ ರೊಟ್ಟಿ, ನಾವು ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ ಮೊದಮೊದಲು ಅವಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ಅದಿಲ್ಲದೆ ಹೊರಡುತ್ತಿರಲಿಲ್ಲ. ಒಮ್ಮೆ ಅವಳ ಥರ್ಮಾಮೀಟರು ತಪ್ಪು ತೋರಿಸುತ್ತಿದೆ ಎಂದು ತಿಳಿದಾಗ, ಒಂದು ತಿಂಗಳು ಬರೆದಿದ್ದ ನೆಲದ ಉಷ್ಣತೆಯ ಲೆಕ್ಕವನ್ನೆಲ್ಲ ಕೆಂಪು ಗೆರೆ ಎಳೆದು ಹೊಡೆದುಹಾಕಿದಳು.  ಅವಳು ಚಹಾ ಕುಡಿದು, ಮರುದಿನ ಮೊದಲಿನಿಂದ ಶುರು ಮಾಡಿದಳು.

ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ ಅವಳು ಮೇಲೆ ಹೋಗದೆ ಮೆಟ್ಟಿಲ ಮೇಲೇ ಕುಳಿತಳು. ಪಕ್ಕದ ಹೊಲದವರ ದ್ರಾಕ್ಷಿ ಪಡದ ಬದುವಿನ ಮೇಲೆ ಅದೇ ಓತಿಗಳನ್ನು ಕಂಡಿದ್ದಳು. ಒಂದಲ್ಲ, ಹನ್ನೊಂದು. ಸಮ ಮಾಡಿದ ನೆಲದಲ್ಲಿ ಇರುವುದಿಲ್ಲ ಎಂದು ಅಣ್ಣನಿಗೆ ಹೇಳಿದ್ದು ತಪ್ಪಾಯಿತು ಅಂದಳು. ನಾನು ಹೇಳಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಅವನಿಗೇನೂ ಹೇಳಬೇಡ, ಮಡ್ಡಿ ಹೇಗೂ ಉಳಿದಿದೆಯಲ್ಲ, ಸುಮ್ಮನಿದ್ದುಬಿಡು ಅಂದಿದ್ದೆ. ಅವಳು ನನ್ನ ಮುಖ ನೋಡಿದಳು.  ರವಿವಾರ ಘೋಣಸಗಿಗೆ ಹೊರಟಳು. ನಾನೂ ಹೋದೆ.

ಅಣ್ಣ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದ. ಬಳಿಕ ಅವಳನ್ನು ಮೊದಲು ಕೇಳಿದ್ದು ಇದು. “ನೀವು ಸುಮ್ಮ ಇದ್ದಿದ್ರ ನನಗೇನ್ ತಿಳೀತಿತ್ತೇನ್ರಿ, ಬಾಯಾರ?”

“ತಿಳೀತಿರಲಿಲ್ಲ,” ಅಂದಳು ಅವಳು. “ಆದರೆ ನನ್ನ ಮಾತು ನಂಬಿ ನೀವು ಪಡ ಹಾಕೋದು ಬಿಟ್ರಿ. ಅದಕ್ಕೇ ಹೇಳಲೇಬೇಕಿತ್ತು.”

ಹಾಗಾದರೆ ಅಲ್ಲಿಯೂ ಅವು ಸುಖವಾಗಿವೆಯೇ ಎಂದು ಅಣ್ಣ ಕೇಳಿದ. ಅವಳು ಗೊತ್ತಿಲ್ಲ ಅಂದಳು. ಬದುವಿನ ಮೇಲೆ ಕಂಡದ್ದು ದೊಡ್ಡವು ಮಾತ್ರ; ಅಲ್ಲಿ ಮೊಟ್ಟೆ ಇಟ್ಟು ಮರಿ ಮಾಡುತ್ತವೆಯೋ, ಬೇರೆ ಕಡೆಯಿಂದ ಬಂದು ಸೇರಿಕೊಂಡಿವೆಯೋ, ಮಳೆ ಬಿದ್ದ ಮೇಲೆ ನೋಡಬೇಕು. ಅಲ್ಲಿಯವರೆಗೆ ತಾನು ಏನು ಹೇಳಿದರೂ ಊಹೆಯಾಗುತ್ತದೆ.

ಅಣ್ಣ ಎದ್ದು ಚಪ್ಪಲಿ ಮೆಟ್ಟಿ ಮಡ್ಡಿಯತ್ತ ನಡೆದ. ನಾವು ಹಿಂದೆ ಹೋದೆವು. ಕೆಳಗಿನ ಅಂಚಿನಿಂದ ಮೇಲಿನವರೆಗೆ ಒಂದು ಸುತ್ತು ಹಾಕಿ ಬಂದು, ಕೆಳಗಿನ ಅರ್ಧಕ್ಕೆ ಪಡ ಹಚ್ಚುವುದಾಗಿ ಹೇಳಿದ. ಮೇಲಿನ ಅರ್ಧ ಇದ್ದ ಹಾಗೇ ಇರಲಿ. ಅವಳು ಯಾಕೆ ಎಂದು ಕೇಳಲಿಲ್ಲ. ನಾನು ಕೇಳಿದೆ.

“ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳ್ಯಾಳ ನೋಡು,” ಅಂದ ಅಣ್ಣ. “ಗೊತ್ತಾಗೂತನಕಾ ನಾವಾರ ತಡೀಬೇಕಲ್ಲ.”

ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಗರಸಿನಲ್ಲಿ ಮರಿಗಳು ಕಂಡವು, ಕಡ್ಡಿಯಷ್ಟು ಸಣ್ಣವು. ಪಕ್ಕದ ಬದುವಿನಲ್ಲಿ ಅವಳು ವಾರಗಟ್ಟಲೆ ಹುಡುಕಿದರೂ ಸಿಕ್ಕಿದ್ದು ಎರಡೇ ಮರಿ. ವರದಿಯಲ್ಲಿ ಎರಡೂ ಕಡೆಯ ಲೆಕ್ಕ ಬರೆದಳು, ತಾನು ಮೊದಲು ತಪ್ಪು ತಿಳಿದದ್ದನ್ನೂ ಬರೆದಳು. ಅದರ ಸಾರವನ್ನು ಅಣ್ಣನಿಗಾಗಿ ಕನ್ನಡದಲ್ಲಿ ನಾಲ್ಕು ಹಾಳೆ ಮಾಡಿ ತಂದುಕೊಟ್ಟಳು. ಅಣ್ಣ ಕನ್ನಡಕ ಮರೆತಿದ್ದೇನೆಂದು ನನ್ನ ಕೈಯಿಂದ ಓದಿಸಿದ. ಮೂರನೆಯ ಹಾಳೆಯಲ್ಲಿ ತಡೆದು, ಕುರಿಗಳು ಮೇಯಲು ಬರುವುದು ಅವಳು ಬರೆದ ತಿಂಗಳಲ್ಲಲ್ಲ, ಜೋಳದ ರಾಶಿಯಾದ ಮೇಲೆ ಅಂದ. ಅವಳು ಚೀಲದಿಂದ ಪೆನ್ನು ತೆಗೆದು, ಆ ಸಾಲನ್ನು ಹೊಡೆದು, ಅವನು ಹೇಳಿದ್ದನ್ನು ಬರೆದುಕೊಂಡಳು. “ಮುಂದೆ ಓದಿ,” ಅಂದಳು ನನಗೆ.